ಕಾಕು ಹಾಕುತ್ತಿದ್ದ ಆಕಾಶ

ಮೇ ತಿಂಗಳ ಕಲಬುರಗಿಯಲ್ಲಿ ತಿರುಗುತ್ತಿರುವ ಪಂಖಾ ಬಂದ್ ಮಾಡುವ ಧೈರ್ಯವನ್ನು ನಾನು ಒಬ್ಬರಲ್ಲಿ ಮಾತ್ರ ಕಂಡಿದ್ದೇನೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಲಗೈಯಲ್ಲಿ ಅಗಲ ಕುಂಚ, ಎಡಗೈಯಲ್ಲಿ ಬಣ್ಣದ ಬಟ್ಟಲು ಹಿಡಿದು ಸುಶೀಲಾ ಕಾಕು ತಮ್ಮ ಪಡಸಾಲೆಗೆ ಬರುತ್ತಿದ್ದರು; ನಮ್ಮ ಕಡೆ ಚಿಕ್ಕಮ್ಮನಂಥವರಿಗೆ ಕಾಕು ಎನ್ನುತ್ತೇವೆ. ಎರಡೂ ಕೈಗೆ ಕೆಲಸವಿದ್ದುದರಿಂದ ಮೊಣಕೈಯಿಂದಲೇ ಸ್ವಿಚ್ಚು ಒತ್ತುತ್ತಿದ್ದರು. ಚಿತ್ರ ಕಲಿಯಲು ಬಂದ ನಾವು ಮಕ್ಕಳೆಲ್ಲ ಒಟ್ಟಿಗೆ ನಿಟ್ಟುಸಿರು ಬಿಡುತ್ತಿದ್ದೆವು. "ಬೆವತರ ಯಾರೂ ಸಾಯಂಗಿಲ್ಲ, ಸುಮ್ಮನ ಕೂಡ್ರಿ. ಗಾಳಿ ಹತ್ತಿದ್ರ ನನ್ನ ಆಕಾಶ ಕೆಡ್ತದ" ಎನ್ನುತ್ತಿದ್ದರು. ಅವರ ಗಂಡ ಮಾಧವರಾವ್ ಮಾಸ್ತರ್ ಕೂಡ ಎದುರಾಡದೆ ಪೇಪರ್ ಮಡಚಿ ಬೀಸಿಕೊಳ್ಳುತ್ತ ಹೊರಗಿನ ಕಟ್ಟೆಗೆ ಹೋಗಿ ಕೂಡುತ್ತಿದ್ದರು.

ಮಾಸ್ತರ್ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದರು. ಸ್ಟೇಶನ್ ಬಜಾರದ ಲಾಡ್ಜುಗಳ ಹಿಂದಿನ ಗಲ್ಲಿಯಲ್ಲಿ ಅವರ ಮನೆ, ಗೋಡೆಗೆ ಗೋಡೆ ಹಚ್ಚಿ ನಮ್ಮದು. ರವಿವಾರ ಮನೆಯಲ್ಲೇ ಕ್ಲಾಸು ನಡೆಸುತ್ತಿದ್ದರು. ಉಳಿದ ಹೊತ್ತಿನಲ್ಲಿ ಚಿತ್ರ ಬರೆದು ಫ್ರೇಮಿನ ಅಂಗಡಿಗೆ ಕೊಡುತ್ತಿದ್ದರು. ಕೋಟೆಯ ಗೋಡೆ, ಬಾಳೆಯ ತೋಟ, ಜೋಳದ ಹೊಲದಲ್ಲಿ ಒಂಟಿ ಬೇವಿನ ಮರ. ನಮ್ಮ ಕಡೆ ಗೃಹಪ್ರವೇಶಕ್ಕೆ ಉಡುಗೊರೆ ಕೊಡುವವರಿಗೆ ಇಷ್ಟಿದ್ದರೆ ಸಾಕಾಗುತ್ತಿತ್ತು. ಚಿತ್ರದ ಮೂಲೆಯಲ್ಲಿ ಸಹಿ ಮಾಸ್ತರರದು. ಆದರೆ ಅದರ ಹಿನ್ನೆಲೆ ಮಾತ್ರ ಕಾಕು ಹಾಕಿದ್ದು. ಇದು ಗಲ್ಲಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರಾದರೂ ಚಿತ್ರ ಹೊಗಳಿದರೆ ಮಾಸ್ತರ್ ತಪ್ಪದೆ "ಆಕಾಶ ಆಕೀದು" ಎಂದು ಒಳಗೆ ಕೈ ತೋರಿಸುತ್ತಿದ್ದರು. ಒಳಗಿನಿಂದ ಕಾಕು, "ಉಳಿದದ್ದು ಬರೇ ಗಿಡಾ-ಗಂಟಿ" ಎಂದು ಕೂಗುತ್ತಿದ್ದರು.

ಹಲಗೆಗೆ ಅಂಟಿಸಿದ ಹಾಳೆಯ ಮೇಲೆ ಜಲವರ್ಣವನ್ನು ಒಂದು ಗೆರೆಯೂ ಕಾಣದಂತೆ, ಮೇಲೆ ಗಾಢವಾಗಿ ಕೆಳಗಿಳಿದಂತೆ ತೆಳುವಾಗಿ ಹರಡುವುದು ಅವರ ಕೆಲಸ. ಮಾಸ್ತರ್ ಅದಕ್ಕೆ ವಾಶ್ ಎನ್ನುತ್ತಿದ್ದರು. ಕಾಕು ಬಾಯಲ್ಲಿ ಎಲ್ಲವೂ ಆಕಾಶವೇ. ಹೂದಾನಿಯ ಹಿಂದಿನ ಬೂದು ಬಣ್ಣವೂ ಆಕಾಶ, ಯಾವನೋ ಮುದುಕನ ಮುಖದ ಹಿಂದಿನ ಕಂದು ಬಣ್ಣವೂ ಆಕಾಶ. ನಮ್ಮೂರ ಬಿಸಿಲಿಗೆ ಕುಂಚ ಈ ತುದಿಯಿಂದ ಆ ತುದಿಗೆ ಹೋಗಿ ಬರುವಷ್ಟರಲ್ಲಿ ಹಾಳೆ ಒಣಗಿ ಗೆರೆ ಕಟ್ಟುತ್ತದೆ. ಅದಕ್ಕೇ ಪಂಖಾದ ಮೇಲೆ ಅವರಿಗೆ ಅಷ್ಟು ಸಿಟ್ಟು. ಕಿಟಕಿಗೆ ಒದ್ದೆ ಮಾಡಿದ ಹಳೆಯ ಧೋತರ ಕಟ್ಟಿ, ಹಲಗೆಯ ತಲೆಯ ಕಡೆ ಒಂದು ಇಟ್ಟಿಗೆ ಕೊಟ್ಟು ಓರೆ ಮಾಡಿಕೊಳ್ಳುತ್ತಿದ್ದರು. ಬಣ್ಣವನ್ನು ಬೇಕಾದದ್ದಕ್ಕಿಂತ ಹೆಚ್ಚೇ ಕದಡಿಡುತ್ತಿದ್ದರು. "ಹಿಟ್ಟು ಕಡಿಮಿ ಬಿದ್ರ ಇನ್ನಷ್ಟು ನಾದಬಹುದು. ಬಣ್ಣ ನಡುವ ಮುಗೀತಂದ್ರ ಅದೇ ಬಣ್ಣ ಹೊಳ್ಳಿ ಬರಂಗಿಲ್ಲ." ಮೇಲಿನ ಅಂಚಿನಲ್ಲಿ ಎಳೆದ ಮೊದಲ ಗೆರೆಯ ಕೆಳಗೆ ನೀರು ದಪ್ಪಗೆ ನಿಲ್ಲುತ್ತಿತ್ತು. ಆ ನೀರನ್ನು ಒಣಗಲು ಬಿಡದೆ, ಚೆಲ್ಲಲೂ ಬಿಡದೆ, ಗೆರೆಯ ಕೆಳಗೆ ಗೆರೆ ಎಳೆಯುತ್ತ ಕೊನೆಯವರೆಗೆ ಇಳಿಸಿಕೊಂಡು ಬರುತ್ತಿದ್ದರು. ಆ ಹೊತ್ತಿಗೆ ಬಾಗಿಲಲ್ಲಿ ಯಾರು ಬಂದು ಕರೆದರೂ ಅವರಿಗೆ ಕೇಳಿಸುತ್ತಿರಲಿಲ್ಲ.

ಇದನ್ನು ಅವರು ಯಾವ ಶಾಲೆಯಲ್ಲೂ ಕಲಿತವರಲ್ಲ. ತವರು ಕಮಲಾಪುರ. ಅಲ್ಲಿ ಮಣ್ಣಿನ ನೆಲದ ದೊಡ್ಡ ಮನೆಯನ್ನು ಮದುವೆಯಾಗುವ ತನಕ ಸಗಣಿಯಿಂದ ಸಾರಿಸಿದ ಕೈ ಅದು. "ನೆಲಾ ಸಾರಸೂಮುಂದ ಏನ್ ಮಾಡ್ತೀವಿ? ಹಸಿ ಇರೂತನಾ ಮುಂದಿಂದು ಕೂಡಸ್ಕೊಂಡು ಹಿಂದಕ್ಕ ಸರೀತೀವಿ. ಅರ್ಧ ಆರಿದ್ದರ ಮ್ಯಾಲ ಹೊಳ್ಳಿ ಕೈ ಇಟ್ರ ಏಳ್ತದ. ಇದೂ ಅಷ್ಟೇ, ದೊಡ್ಡ ವಿದ್ಯಾ ಏನಲ್ಲ" ಎನ್ನುತ್ತಿದ್ದರು. ನಮಗೆ ಮಾತ್ರ ಅದು ದೊಡ್ಡ ವಿದ್ಯೆಯೇ ಆಗಿತ್ತು. ಹಾಕಿದ ಬಣ್ಣದಲ್ಲಿ ಎಲ್ಲೋ ಒಂದು ಚುಕ್ಕೆ ಕಂಡರೆ ಸರಿಮಾಡಲು ಕೈ ಹೋಗಿಯೇ ಹೋಗುತ್ತಿತ್ತು, ಹೋದದ್ದೇ ತಡ ಅಲ್ಲಿ ಬೆವರು ಒಣಗಿದ ಅಂಗಿಯ ಮೇಲಿನ ಉಪ್ಪಿನ ಗೆರೆಯಂಥದ್ದು ಏಳುತ್ತಿತ್ತು. "ಹೊಳ್ಳಿ ಕೈ ಇಡಬ್ಯಾಡ ಅಂದಿಲ್ಲೇನ ಶೈಲಾ!" ಎಂದು ನನ್ನ ಬೆರಳಿನ ಮೇಲೆ ಕುಂಚದ ಹಿಡಿಯಿಂದ ಬಡಿಯುತ್ತಿದ್ದರು.

ಹೀಗೆ ಆಕಾಶ ಹಾಕುವ ಕಾಕುವಿಗೆ ಒಂದು ಮಾವಿನಕಾಯಿ ಬರೆಯಲು ಬರುತ್ತಿರಲಿಲ್ಲ ಎಂದರೆ ನಂಬುವುದು ಕಷ್ಟ. ಒಮ್ಮೆ ನನ್ನ ತಮ್ಮ ಹಟ ಮಾಡಿದನೆಂದು ಪಾಟಿಯ ಮೇಲೆ ಬೆಕ್ಕು ಬರೆದುಕೊಟ್ಟರು. ಅವನು ಬಹಳ ಹೊತ್ತು ನೋಡಿ, "ಆಟೋ ಛಲೋ ಆಗ್ಯಾದ ಕಾಕು" ಎಂದ. ಆ ದಿನ ಅವರು ನಕ್ಕದ್ದು ಇನ್ನೂ ನನ್ನ ಕಿವಿಯಲ್ಲಿದೆ. ನಗುವಾಗ ಗೋಡೆ ಹಿಡಿದುಕೊಳ್ಳುವುದು ಅವರ ಅಭ್ಯಾಸ. ಅದರಿಂದ ಅವರ ಮನೆಯ ಗೋಡೆಗಳ ಮೇಲೆ ಅಲ್ಲಲ್ಲಿ ನೀಲಿ ಬೆರಳಿನ ಗುರುತುಗಳಿದ್ದವು.

ಅವರಿಗೆ ಈ ಕೆಲಸ ಹೇಗೆ ಬಂತೆಂದು ನಾನು ಕೇಳಿದ್ದೆ. ಮದುವೆಯಾದ ಹೊಸದರಲ್ಲಿ ಹುಟ್ಟಿದ ಮಗು ಉಳಿಯಲಿಲ್ಲವಂತೆ. ಮತ್ತೆ ಮಕ್ಕಳಾಗಲಿಲ್ಲ. ಅಷ್ಟನ್ನು ಬೇಗ ಹೇಳಿ ಮುಗಿಸಿ, "ಆವಾಗ ನೋಡು ಇವರು ಒಂದಿನ ಆಕಾಶ ಹಾಕ್ಲಾಕತ್ತಿದ್ರು. ಅಯ್ಯ, ಏನ್ ಅವತಾರ! ಎಲ್ಲಾ ಕಡೆ ಪಟ್ಟಾ ಪಟ್ಟಾ. ಪಾಪ, ಮಾಸ್ತರಕಿ ಮಾಡವರಿಗೆ ಇದೊಂದು ಬರ್ತಿರಲಿಲ್ಲ. ಕೊಡ್ರಿಲ್ಲೆ ಅಂತ ಕಸಗೊಂಡೆ" ಎಂದು ಉತ್ಸಾಹದಿಂದ ಹೇಳಿದರು. ಗಂಡನಿಗೆ ಬಾರದ್ದು ತನಗೆ ಬರುತ್ತದೆ ಎನ್ನುವ ಹೆಮ್ಮೆ ಆ ಮುಖದಲ್ಲಿ ಎದ್ದು ಕಾಣುತ್ತಿತ್ತು. ಅವರಿಗೆ ಒಪ್ಪುತ್ತಲೂ ಇತ್ತು.

ನಾನು ಕಾಲೇಜಿಗೆ ಹೋಗುತ್ತಿದ್ದಾಗ ಕಾಕು ಅಣ್ಣನ ಮಗಳ ಮದುವೆಗೆಂದು ಕಮಲಾಪುರಕ್ಕೆ ಹೋದರು. ಒಂದು ಮುಂಜಾನೆ ಅಮ್ಮ ಮಾಸ್ತರರಿಗೆ ನಾಷ್ಟಾ ಕೊಟ್ಟು ಬಾ ಎಂದು ಕಳಿಸಿದಳು. ಬಾಗಿಲಿಗೆ ಚಿಲಕ ಹಾಕಿರಲಿಲ್ಲ, ಸುಮ್ಮನೆ ಮುಂದೆ ಮಾಡಿತ್ತು. ಒಳಗೆ ಹೋದರೆ ಮಾಸ್ತರ್ ಹಲಗೆಯ ಮುಂದೆ ನಿಂತು ಆಕಾಶ ಹಾಕುತ್ತಿದ್ದರು. ಅರ್ಜೆಂಟಾಗಿ ಯಾರೋ ಚಿತ್ರ ಕೇಳಿದ್ದರಂತೆ. ನಾನು ತಾಟು ಹಿಡಿದು ನಿಂತೇ ಇದ್ದೆ. ಅವರ ಕೈ ಎಲ್ಲೂ ತಡೆಯಲಿಲ್ಲ. ಮೇಲಿನಿಂದ ಕೆಳಗಿನವರೆಗೆ ನೀಲಿ ಒಂದೇ ಸಮನೆ ತೆಳುವಾಗುತ್ತ ಇಳಿಯಿತು. ತಿರುಗಿ ನನ್ನನ್ನು ನೋಡಿದವರು ಸಕ್ಕರೆ ಕದ್ದು ಸಿಕ್ಕಿಬಿದ್ದವರಂತೆ ಆದರು.

"ಕಾಕುನ ಮುಂದ ಅನಬ್ಯಾಡವ್ವ" ಎಂದರು.

"ಮಾಸ್ತರ್, ನಿಮಗ ಬರ್ತದ?"

"ಆಕಾಶ ಹಾಕಲಾರದವಗ ಡ್ರಾಯಿಂಗ್ ಪರೀಕ್ಷಾದಾಗ ಯಾರ್ ಪಾಸ್ ಮಾಡ್ತಾರ? ಕೂಸು ಹೋದ ಮ್ಯಾಲ ಆಕಿ ಮಾತೇ ಬಿಟ್ಟಿದ್ದಳು. ಊಟ ಇಲ್ಲ, ನಿದ್ದಿ ಇಲ್ಲ. ಒಂದಿನ ನಾ ಹಾಕೂಮುಂದ ಯಾಕೋ ಕೆಟ್ಟಿತು. ಆಕಿ ನೋಡಿ, ಹಿಂಗ್ಯಾಕ ಮಾಡ್ತೀರಿ ಅಂದಳು. ಎಷ್ಟು ದಿನದ ಮ್ಯಾಲ ಆಡಿದ ಮಾತು ಅದು! ಮರುದಿನ ನಾ ಬೇಕಂತಲೇ ಕೆಡಸಿದೆ. ಕೈಯಾಗಿನ ಬ್ರಶ್ ಕಸಗೊಂಡಳು. ಆವತ್ತಿನಿಂದ ನನಗ ಆಕಾಶ ಬರಂಗಿಲ್ಲ."

ಅವರು ಹೇಳಿದ್ದನ್ನು ನಾನು ಯಾರಿಗೂ ಹೇಳಲಿಲ್ಲ. ಆ ಚಿತ್ರ ಕಾಕು ಬರುವ ಮೊದಲೇ ಮನೆಯಿಂದ ಹೊರಟುಹೋಗಿತ್ತು.

ಹೋದ ವರ್ಷ ಕಾಕು ಹೊಟ್ಟೆನೋವೆಂದು ಆಸ್ಪತ್ರೆಗೆ ಹೋದರು. ಅಷ್ಟರೊಳಗೆ ಕ್ಯಾನ್ಸರ್ ಮೈಯೆಲ್ಲ ಹಬ್ಬಿತ್ತು. ಮನೆಗೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು. ಕಾಕು ಅಳಲಿಲ್ಲ, "ನನ್ನ ಕಮಲಾಪುರಕ್ಕ ಒಯ್ರಿ" ಎಂದಷ್ಟೇ ಹೇಳಿದರು. ಅವರ ಅಣ್ಣ, ಅಣ್ಣನ ಹೆಂಡತಿ ವೈನಿ ಇಬ್ಬರೂ ಹಡೆದವರಂತೆ ನೋಡಿಕೊಂಡರು. ಪಡಸಾಲೆಯ ಕಿಟಕಿಯ ಪಕ್ಕ ಮಂಚ ಹಾಕಿದರು. ಮಾಸ್ತರ್ ಗಂಟುಮೂಟೆ ಕಟ್ಟಿಕೊಂಡು ಅಲ್ಲೇ ಹೋಗಿ ಉಳಿದರು. ಸರಕಾರಿ ಕಚೇರಿಯ ನೌಕರಿಯಲ್ಲಿರುವ ನಾನು ಈಗ ಕಲಬುರಗಿಯಲ್ಲೇ ಕುಸನೂರ ಕಡೆ ಮನೆ ಮಾಡಿದ್ದೇನೆ. ರವಿವಾರ ಬಿಡುವು ಸಿಕ್ಕಾಗಲೆಲ್ಲ ಬಸ್ ಹಿಡಿದು ಹೋಗುತ್ತಿದ್ದೆ. ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಆ ಊರಿನ ಕೆಂಪು ಬಾಳೆಹಣ್ಣು ಕೊಂಡು ಒಯ್ದರೆ ಕಾಕು ಅರ್ಧ ಹಣ್ಣನ್ನೂ ತಿನ್ನಲಾರದೆ ಬದಿಗಿಡುತ್ತಿದ್ದರು.

ಅವರಿಗೆ ಸಾವಿನ ಚಿಂತೆ ಇರಲಿಲ್ಲ. ಚಿಂತೆ ಇದ್ದದ್ದು ಒಂದೇ. "ನಾ ಹೋದ ಮ್ಯಾಲ ಇವರಿಗೆ ಆಕಾಶ ಯಾರು ಹಾಕ್ತಾರ, ಶೈಲಾ? ಚಿತ್ರಾ ಬಿಟ್ರ ಇವರಿಗೆ ಮತ್ತೇನ ಅದ? ಬಿಳಿ ಹಾಳಿ ನೋಡ್ಕೋತ ಕೂಡ್ತಾರ." ಮೊದಲು ಕಲಿಸಲು ನನ್ನನ್ನು ಹಿಡಿದರು. ನನ್ನ ಕೈ ಅವರಿಗೆ ಗೊತ್ತಿದ್ದದ್ದೇ, ಬೇಗ ಕೈಬಿಟ್ಟರು. ಆಮೇಲೆ ಮಾಸ್ತರರಿಗೇ ಕಲಿಸುತ್ತೇನೆಂದು ಹಟ ಹಿಡಿದರು.

ಹೀಗೆ ಕಮಲಾಪುರದ ಆ ಪಡಸಾಲೆಯಲ್ಲಿ ಎಪ್ಪತ್ತರ ಹತ್ತಿರದ ಡ್ರಾಯಿಂಗ್ ಮಾಸ್ತರರ ಶಾಲೆ ಶುರುವಾಯಿತು. ಮುಂಜಾನೆ ಬಿಸಿಲೇರುವ ಮೊದಲು ವೈನಿ ಕಾಕುವಿನ ಬೆನ್ನಿಗೆ ದಿಂಬು ಕೊಟ್ಟು ಕೂಡಿಸುತ್ತಿದ್ದರು. ಮಾಸ್ತರ್ ಮಂಚದ ಪಕ್ಕದ ಮೇಜಿನ ಮೇಲೆ ಹಲಗೆ ಇಡುತ್ತಿದ್ದರು. ಆಮೇಲೆ ಅವರು ಮಾಡದ ತಪ್ಪಿಲ್ಲ. ಒಮ್ಮೆ ಬಣ್ಣ ನಡುವೆ ಮುಗಿಯುತ್ತಿತ್ತು. ಒಮ್ಮೆ ಕುಂಚದಿಂದ ನೀರು ತೊಟ್ಟಿಕ್ಕಿ ಹಾಳೆಯ ನಡುವೆ ಕಲೆಯಾಗುತ್ತಿತ್ತು. ಒಮ್ಮೆ ಅರ್ಧ ಒಣಗಿದ್ದರ ಮೇಲೆ ಕೈ ಹೋಗುತ್ತಿತ್ತು. ನಾವು ಮಕ್ಕಳು ಮಾಡುತ್ತಿದ್ದ ತಪ್ಪುಗಳನ್ನೆಲ್ಲ ಅವರು ನೆನಪಿಟ್ಟಿದ್ದರು.

"ಅಯ್ಯ ದೇವರ! ಇಷ್ಟು ವರ್ಷ ಮಕ್ಕಳಿಗೆ ಏನ್ ಕಲಿಸಿದ್ರಿ ನೀವು? ಸರಕಾರದವರು ಪಗಾರ ಸುಮ್ಮನ ಕೊಟ್ಟಾರ" ಎಂದು ಕಾಕು ಬಯ್ಯುತ್ತಿದ್ದರು.

"ಬರವಲ್ದಲ್ಲ, ಏನ್ ಮಾಡ್ಲಿ? ನಾಳೆ ನೋಡೋಣಂತ."

"ನಾಳೆ ನಾ ಇದ್ರ!"

"ಇರ್ತೀ. ನಾ ಕಲಿಯೂತನಾ ಎಲ್ಲಿ ಹೋಗ್ತೀ?"

ಕೆಟ್ಟ ಹಾಳೆಗಳು ರಾಶಿ ಬಿದ್ದವು. ವೈನಿ ಅವನ್ನು ಅಡುಗೆಮನೆಯ ಗೋಡೆಯ ಮಾಡಗಳಲ್ಲಿ ಹಾಸಿದರು. ಬೇಳೆಯ ಡಬ್ಬಿ, ಖಾರದ ಡಬ್ಬಿ ಎಲ್ಲವೂ ಪಟ್ಟೆಪಟ್ಟೆ ಆಕಾಶದ ಮೇಲೆ ಕೂತವು. ನೋಡಿದರೆ ನಗು ಬರಬೇಕು. ನನಗೆ ಸಿಟ್ಟು ಬಂತು. ಒಂದು ರವಿವಾರ ಅಂಗಳದಲ್ಲಿ ಕುಂಚ ತೊಳೆಯುತ್ತಿದ್ದ ಮಾಸ್ತರರ ಹತ್ತಿರ ಹೋಗಿ, "ಯಾಕ ಹಿಂಗ ಗೋಳು ಹೊಯ್ಕೋತೀರಿ ಅವರಿಗೆ? ಒಮ್ಮೆ ನೆಟ್ಟಗ ಹಾಕಿ ತೋರಸ್ರಿ, ಅವರ ಜೀವಕ್ಕ ಸಮಾಧಾನ ಆಗ್ತದ" ಎಂದೆ.

ಅವರು ಕುಂಚದ ನೀರು ಹಿಂಡಿದರು. "ತೋರಿಸಿದೆ ಅನ್ಕೋ. ಆಮ್ಯಾಲ? ಈಗ ಮುಂಜಾನೆ ಕಣ್ಣು ಬಿಟ್ಟ ಕೂಡಲೇ ನನ್ನ ಕೂಡಸ್ರಿ ಅಂತಾಳ. ಎರಡು ಗುಟುಕು ಗಂಜಿ ಕುಡೀತಾಳ, ಬೈಲಿಕ್ಕೆ ತ್ರಾಣ ಬೇಕಲ್ಲ. ಕಲಿಸೂದು ಮುಗೀತು ಅಂದ್ರ ಆಕಿ ಯಾತಕ್ಕ ಎದ್ದು ಕೂಡಬೇಕವ್ವ?"

ಅಂದಿನಿಂದ ಪ್ರತಿ ಸಲ ಹೋದಾಗಲೂ ಮೊದಲು ಅಡುಗೆಮನೆಗೆ ಹೋಗಿ, ಹೊಸದಾಗಿ ಕೆಟ್ಟ ಹಾಳೆ ಇದೆಯೇ ಎಂದು ನೋಡುತ್ತಿದ್ದೆ. ಇದ್ದರೆ ಮನಸ್ಸು ಹಗುರಾಗುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಕಾಕು ಮಂಚಕ್ಕೆ ಅಂಟಿಕೊಂಡರು. ದಿಂಬು ಕೊಟ್ಟರೂ ಕೂಡಲಾಗುತ್ತಿರಲಿಲ್ಲ. ಔಷಧಿ ನೋವನ್ನು ತಡೆಯುತ್ತಿರಲಿಲ್ಲ. "ರಾತ್ರೆಲ್ಲಾ ನರಳ್ತಾಳ್ರಿ ನಮ್ಮ ತಂಗಿ. ದೇವರು ಯಾಕ ಇಷ್ಟು ಕಾಡ್ತಾನೋ" ಎಂದು ಅಣ್ಣ ನನ್ನೆದುರು ಕಣ್ಣೀರು ಹಾಕಿದರು. ಆ ರವಿವಾರವೂ ಕಾಕು ಬಿಡಲಿಲ್ಲ. ತಲೆಯನ್ನು ದಿಂಬಿನ ಮೇಲೆ ಮೇಜಿನ ಕಡೆ ಹೊರಳಿಸಿ, "ಇವತ್ತರ ಬರ್ತದೇನ್ ನೋಡ್ರಿ" ಎಂದರು. ಬಯ್ಯುವ ಧ್ವನಿಯೂ ಉಳಿದಿರಲಿಲ್ಲ.

ಮಾಸ್ತರ್ ಬಹಳ ಹೊತ್ತು ಅವರ ಮುಖ ನೋಡಿದರು. ಆಮೇಲೆ ಬಟ್ಟಲ ತುಂಬ ಬಣ್ಣ ಕದಡಿದರು. ಅಷ್ಟು ಬಣ್ಣ ಕದಡಿದ್ದು ನೋಡಿಯೇ ಈ ಸಲ ಕೆಡಿಸುವುದಿಲ್ಲ ಎಂದು ನನಗೆ ತಿಳಿಯಿತು, ಬೇಡ ಎನ್ನಬೇಕೆನಿಸಿತು. ಅವರು ಹಲಗೆಯನ್ನು ಕಾಕುವಿನ ಕಣ್ಣಿಗೆ ಕಾಣುವಂತೆ ಓರೆ ಮಾಡಿ ಮೊದಲ ಗೆರೆ ಎಳೆದರು. ಕೆಳಗೆ ನೀರು ತುಂಬಿ ನಿಂತಿತು. ಅದನ್ನು ಹಿಡಿದು ಎರಡನೆಯ ಗೆರೆ, ಮೂರನೆಯದು. ಕಾಕುವಿನ ತುಟಿ ಅವರ ಕೈಯ ಜೊತೆಗೇ ಅಲುಗುತ್ತಿತ್ತು. ಕೊನೆಯ ಅಂಚಿನಲ್ಲಿ ನಿಂತ ನೀರನ್ನು ಹಿಂಡಿದ ಕುಂಚದಿಂದ ಎತ್ತಿ ಮಾಸ್ತರ್ ಹಿಂದೆ ಸರಿದು ನಿಂತರು. ಹಾಳೆಯ ಮೇಲೆ ಎಲ್ಲೂ ಒಂದು ಗೆರೆ ಇರಲಿಲ್ಲ.

"ಬಂತಲ್ರಿ" ಎಂದರು ಕಾಕು. ಆಮೇಲೆ ಬಾಗಿಲ ಕಡೆ ನೋಡಿ, "ಅಣ್ಣಾ, ಇಲ್ಲಿ ಬಾ. ಇವರಿಗೆ ಆಕಾಶ ಬಂತು. ನಾನೇ ಕಲಿಸಿದೆ" ಎಂದರು. ಅಣ್ಣ, ವೈನಿ ಎಲ್ಲ ಬಂದು ನೋಡಿ ಚೆನ್ನಾಗಿದೆ ಎಂದರು. ಕಾಕು ಒಬ್ಬೊಬ್ಬರ ಮುಖವನ್ನೂ ನೋಡಿ ನಕ್ಕರು. "ಇನ್ನ ನನ್ನ ಮಲಗಸ್ರಿ" ಎಂದು ಕಣ್ಣು ಮುಚ್ಚಿದರು. ತಾವು ಮಲಗಿಯೇ ಇದ್ದದ್ದು ಅವರಿಗೆ ಮರೆತಿತ್ತು. ಆ ಸಂಜೆ ನಾನು ಹೊರಡುವಾಗ ಮಾತಾಡಿಸಿದೆ, ಎಚ್ಚರವಾಗಲಿಲ್ಲ. ಆ ವಾರ ದಾಟಲಿಲ್ಲ ಅವರು.

ದಿನಕರ್ಮಗಳೆಲ್ಲ ಮುಗಿದ ಮೇಲೆ ಮಾಸ್ತರ್ ಕಲಬುರಗಿಗೆ ಮರಳಿದರು. ನಾನು ನೋಡಲು ಹೋದೆ. ಕಾಕು ಇಲ್ಲದ ಆ ಪಡಸಾಲೆಯಲ್ಲಿ ಎಲ್ಲಿ ಕೂಡಬೇಕೆಂದು ತಿಳಿಯದೆ ಬಾಗಿಲ ಹತ್ತಿರವೇ ಕೂತೆ. ಅಕ್ಕಪಕ್ಕದವರು ಬಂದು, ಕಾಕು ಎಷ್ಟು ಸಮಾಧಾನದಿಂದ ಹೋದರು, ಪುಣ್ಯವಂತೆ, ಗಂಡನ ಚಿಂತೆ ಕಳೆದುಕೊಂಡೇ ಹೋದರು ಎಂದು ಹೇಳಿ ಹೋಗುತ್ತಿದ್ದರು. ಮಾಸ್ತರ್ ಎಲ್ಲರಿಗೂ ತಲೆಯಾಡಿಸುತ್ತಿದ್ದರು. ಎಲ್ಲರೂ ಹೋದ ಮೇಲೆ ನನ್ನ ಕಡೆ ತಿರುಗಿದರು.

"ಅವಸರ ಮಾಡಿದೆ ಶೈಲಾ. ಇನ್ನೊಂದಿಷ್ಟು ಹಾಳಿ ಕೆಡಸಬೇಕಾಗಿತ್ತು ನಾ."