ಗುಲಾಬಿ ಪಾಯಸ

ಸಕ್ಕರೆ ಪಾಕ ಕುದಿಯುವಾಗಿನ ವಾಸನೆ ಬೇರೆ, ಅದನ್ನು ನೆನೆದ ಮರದ ಅಚ್ಚಿಗೆ ಹೊಯ್ದಾಗ ಏಳುವ ವಾಸನೆ ಬೇರೆ. ಎರಡನೆಯದು ರಾಯದುರ್ಗದ ಪೇಟೆಯಲ್ಲಿ ದೀಪಾವಳಿ ಮುಗಿದ ಮೇಲಿನ ಕೆಲವು ದಿನಗಳಲ್ಲಿ ಮಾತ್ರ ಸಿಗುತ್ತದೆ. ಈ ಸಲ ಬಸ್ಸಿಳಿದು ತಂಗಿಯ ಮನೆಗೆ ನಡೆದು ಹೋಗುವಾಗ ಅದು ಮೂಗಿಗೆ ಬಡಿಯಿತು. ಅಂಗಡಿಯವನು ಅಚ್ಚಿಗೆ ಸುತ್ತಿದ ದಾರ ಬಿಚ್ಚಿ, ಎರಡು ಹೋಳು ಬಿಡಿಸಿ, ಒಳಗಿನಿಂದ ಗುಲಾಬಿ ಬಣ್ಣದ ಆನೆಯೊಂದನ್ನು ತೆಗೆದು ಹಲಗೆಯ ಮೇಲೆ ನಿಲ್ಲಿಸುತ್ತಿದ್ದ. ನಾನು ಅಲ್ಲೇ ನಿಂತೆ. ತಂಗಿಯ ಅತ್ತೆ ನೆನಪಾದರು...

ನಾವು ಮಡಕಶಿರಾ ಕಡೆಯವರು. ಅಮರಾಪುರದ ಹತ್ತಿರದ ಹಳ್ಳಿ. ರಾಯದುರ್ಗದಲ್ಲಿ ಜೀನ್ಸ್ ಹೊಲಿಗೆ ಜೋರಾಗಿದ್ದ ವರ್ಷಗಳಲ್ಲಿ ತಂಗಿ ಹೊಲಿಗೆ ಕಲಿತು ಅಲ್ಲಿಗೆ ಹೋದಳು. ವಯಸ್ಸಿನ ಹುಡುಗಿಯನ್ನು ಒಬ್ಬಳೇ ಬಿಡಬಾರದೆಂದು ಅಮ್ಮನೂ ಹೋದಳು. ಅಪ್ಪ ಕುರಿಗಳನ್ನೂ ಕಡಲೆಕಾಯಿ ಹೊಲವನ್ನೂ ಬಿಟ್ಟು ಬರಲಿಲ್ಲ. ನಾನಾಗ ಕನ್ನಡ ಪತ್ರಿಕೆಯೊಂದಕ್ಕೆ ಗಡಿಭಾಗದ ಸುದ್ದಿ ಕಳಿಸುತ್ತಿದ್ದೆ. ಓಡಾಟಕ್ಕೆ ಅನುಕೂಲವೆಂದು ಅವರ ಬಾಡಿಗೆ ಮನೆಯಲ್ಲೇ ಉಳಿದೆ. ಓಣಿಯ ಹೆಚ್ಚಿನ ಮನೆಗಳಲ್ಲಿ ಒಂದಾದರೂ ಹೊಲಿಗೆ ಮಿಷನ್ ಇತ್ತು. ಚರಂಡಿಯ ನೀರು ಬಟ್ಟೆಯ ಬಣ್ಣ ಹೊತ್ತು ನೀಲಿಯಾಗಿ ಹರಿಯುತ್ತಿತ್ತು.

ತಂಗಿ ಕೆಲಸ ಮಾಡುತ್ತಿದ್ದ ಕಡೆಯಲ್ಲೇ, ಮುಂದೆ ಅವಳಿಗೆ ಅತ್ತೆಯಾದ ಅವರೂ ಇದ್ದರು. ಹೊಲಿದು ಬಂದ ಪ್ಯಾಂಟುಗಳ ಹೆಚ್ಚುವರಿ ದಾರ ಕತ್ತರಿಸುವುದು ಅವರ ಕೆಲಸ. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಒಬ್ಬನೇ ಮಗ, ಅದೇ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್. ಅವನು ಕತ್ತರಿಸಿದ ಬಟ್ಟೆಯ ಕಟ್ಟು ಬಂದ ದಿನ ನನ್ನ ತಂಗಿಯ ಹೊಲಿಗೆ ಬೇಗ ಮುಗಿಯುತ್ತದೆ ಎಂದು ಜೊತೆಯವರು ರೇಗಿಸುತ್ತಿದ್ದರಂತೆ. ಇದು ನಮಗೆ ಗೊತ್ತಿರಲಿಲ್ಲ. ದಾರ ಕತ್ತರಿಸುತ್ತಾ ಕೂತಿದ್ದ ತಾಯಿಗೆ ಗೊತ್ತಿತ್ತು.

ದಸರೆಯಲ್ಲಿ ಮಿಷನ್‌ಗಳಿಗೆ ಪೂಜೆಯಾಗಿ, ಮಾರನೆಯ ಸಂಜೆ ಆ ಊರಿನ ರೂಢಿಯಂತೆ ಎಲ್ಲರೂ ಮನೆ ಮನೆಗೆ ಬನ್ನಿ ಎಲೆ ಹಂಚುತ್ತಿದ್ದರು. ಆ ತಾಯಿ ನಮ್ಮ ಮನೆಗೂ ಬಂದರು. ಅಮ್ಮನ ಕೈಗೆ ಎಲೆಯಿಟ್ಟು, "ಬನ್ನಿ ತಗೋರಿ ಅಕ್ಕ, ಬಂಗಾರದಂಗ ಇರೂನು" ಅಂದರು. ಅಮ್ಮ ಕಣ್ಣಿಗೊತ್ತಿಕೊಳ್ಳುತ್ತಿರುವಾಗಲೇ, "ನಾ ಬನ್ನಿ ಕೊಟ್ಟೆ. ನೀವು ಮಗಳ್ನ ಕೊಡ್ರಿ" ಅಂದುಬಿಟ್ಟರು.

ಅಮ್ಮನೂ ಬಿಡಲಿಲ್ಲ. "ಬರೀ ಎಲೆ ಕೊಟ್ಟು ಹೆಣ್ಣು ಕೇಳ್ತೀರಲ್ಲಕ್ಕಾ, ನಮ್ ಕಡೆ ಎಲೆ ಜೊತೆ ಒಂದು ಅಡಿಕೆನಾದ್ರೂ ಇಕ್ತಾರೆ" ಅಂದಳು.

ದೀಪಾವಳಿಯ ಹೊತ್ತಿಗೆ ಅಡಿಕೆಯೂ ಬಂತು. ಎರಡೂ ಕಡೆಯ ಹಿರಿಯರು ಕೂತು ಮಾತಾಡಿ ವೀಳ್ಯ ಬದಲಾಯಿಸಿದರು. ಮದುವೆ ಬೇಸಿಗೆಗೆ ಎಂದಾಯಿತು.

ನಮ್ಮ ಕಡೆ ಗೌರಿ ಬರುವುದು ಭಾದ್ರಪದದಲ್ಲಿ, ಗಣೇಶನ ಹಿಂದಿನ ದಿನ. ರಾಯದುರ್ಗದಲ್ಲಿ ದೀಪಾವಳಿಯಾದ ಮೇಲಿನ ಹುಣ್ಣಿಮೆಗೆ ಇನ್ನೊಬ್ಬ ಗೌರಿ ಇದ್ದಾಳೆಂಬುದು ನಮಗೆ ತಿಳಿದಿರಲಿಲ್ಲ. ಆ ದಿನ ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಮನೆಯವರು ಸೀರೆ, ಬಳೆ, ಹೂವಿನ ಜೊತೆ ಸಕ್ಕರೆ ಆರತಿ ತರುತ್ತಾರೆ. ಆನೆ, ಕುದುರೆ, ಒಂಟೆ, ನವಿಲು, ಬಸವ, ಗೋಪುರ, ಎಲ್ಲವೂ ಸಕ್ಕರೆಯವು. ಸಂಜೆ ಹುಡುಗಿ ಅವನ್ನು ತಟ್ಟೆಯಲ್ಲಿ ನಿಲ್ಲಿಸಿ, ದೀಪ ಹಚ್ಚಿ, ಓಣಿಯಲ್ಲಿ ಗೌರಿ ಕೂಡಿಸಿದ ಮನೆಗೆ ಹೋಗಿ ಬೆಳಗುತ್ತಾಳೆ. ಬೆಳಗಿದ ಮೇಲೆ ಗೊಂಬೆ ಮುರಿದು ತಿನ್ನಬಹುದು, ಹಂಚಬಹುದು, ಚಹಾಕ್ಕೂ ಹಾಕಬಹುದು. ಬೆಳಗುವ ಮೊದಲು ಮಾತ್ರ ಕುದುರೆಯ ಕಿವಿಯೂ ಮುಕ್ಕಾಗಬಾರದು. ಇದೆಲ್ಲ ನಾನು ಆಮೇಲೆ ಕೇಳಿ ತಿಳಿದದ್ದು.

ನಮ್ಮ ಮನೆಯ ರೀತಿ ಬೇರೆಯೇ ಇತ್ತು. ಬೀಗರು ಏನೇ ತರಲಿ, ಅದರಲ್ಲಿ ಸ್ವಲ್ಪವನ್ನಾದರೂ ಆ ಹೊತ್ತೇ ಒಲೆಗೆ ಹಾಕಿ ಅವರಿಗೇ ಬಡಿಸಬೇಕು. ಗಂಟನ್ನು ಹಾಗೆಯೇ ಮೂಲೆಗಿಟ್ಟರೆ ತಂದವರಿಗೆ ಅವಮಾನ. ಅಮ್ಮ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು.

ಹುಣ್ಣಿಮೆಯ ಮಧ್ಯಾಹ್ನ ಹುಡುಗನ ತಾಯಿ ಬಂದರು. ಜೊತೆಗೆ ನಾಲ್ಕಾರು ಹೆಂಗಸರು, ಮತ್ತು ಅವರ ಗಂಡನ ಅಣ್ಣ. ಆ ಮನೆಗೆ ಹಿರಿಯರೆಂದರೆ ಈ ಅಣ್ಣನೇ. ಹುಡುಗನಿಗೆ ತಂದೆಯಿಲ್ಲ, ತಾಯಿ ವಿಧವೆಯಾದ್ದರಿಂದ ಮದುವೆಯ ಮಣೆಯ ಮೇಲೆ ಕೂರುವಂತಿಲ್ಲ. ಹೆತ್ತವರ ಜಾಗದಲ್ಲಿ ಕೂರಬೇಕಾದವರು ಇವರು ಮತ್ತು ಇವರ ಹೆಂಡತಿ. ರುಮಾಲು ಸುತ್ತಿದ ದೊಡ್ಡ ಆಳು, ಮಾತು ಕಡಿಮೆ.

ಬಟ್ಟೆ ಮುಚ್ಚಿದ ತಟ್ಟೆಯನ್ನು ಹೆಂಗಸರು ಒಳಗಿಟ್ಟು ಬಂದು ಕೂತರು. ತಂಗಿ ಹೊಸ ಸೀರೆ ಉಡಲು ಪಕ್ಕದ ಕೋಣೆಗೆ ಹೋದಳು. ಅಡುಗೆಮನೆಯಿಂದ ಕುಟ್ಟಾಣಿಯ ಸದ್ದು ಕೇಳುತ್ತಿತ್ತು. ಏಲಕ್ಕಿ ಕುಟ್ಟುತ್ತಿರಬೇಕು ಅಂದುಕೊಂಡೆ. ಏಲಕ್ಕಿಗೆ ಅಷ್ಟು ಹೊತ್ತು ಬೇಕಿರಲಿಲ್ಲ.

ಶ್ಯಾವಿಗೆ ಪಾಯಸ ಬಂತು. ಹಿರಿಯರು ಒಂದೇ ಸಲಕ್ಕೆ ಲೋಟ ಖಾಲಿ ಮಾಡಿ, ಚೆನ್ನಾಗಿದೆ ಎಂಬಂತೆ ತಲೆಯಾಡಿಸಿದರು. ಆಗ ಹೆಂಗಸರಲ್ಲೊಬ್ಬರು ತಮ್ಮ ಲೋಟದೊಳಗೆ ನೋಡಿ, "ಪಾಯಸ ಯಾಕ ಗುಲಾಬಿ ಐತ್ರಿ?" ಎಂದು ಕೇಳಿದರು.

ಅಮ್ಮ ಬಾಗಿಲಲ್ಲಿ ನಿಂತು ಸಂತೋಷದಿಂದ ಹೇಳಿದಳು. "ನೀವು ತಂದಿದ್ದೇ ಕಣಕ್ಕಾ. ಆನೆ, ಕುದುರೆ ಎಲ್ಲಾ ಹಾಕ್ದೆ. ಏನ್ ಗಟ್ಟಿ ಸಕ್ಕರೆ, ಕುಟ್ಟೋದ್ರಲ್ಲಿ ರೆಟ್ಟೆ ಬಿದ್ದೋಯ್ತು. ಗೋಪುರ ಒಂದ್ ಬಿಟ್ಟಿದೀನಿ, ದೇವ್ರುದಲ್ವಾ ಅಂತ."

ಹಿರಿಯರು ಲೋಟ ಕೆಳಗಿಟ್ಟರು. ಸಿಟ್ಟು ಬಂದಾಗ ತೆಲುಗಿಗೆ ಹೊರಳುವುದು ಅವರ ಅಭ್ಯಾಸ. ಆಂಧ್ರದ ಊರಲ್ಲವೇ, ಕಚೇರಿಯ ಆದೇಶದ ಹಾಗೆ ಕೇಳಿಸಲಿ ಎಂದೇನೋ. ಗೌರಿಗೆ ಬೆಳಗಬೇಕಾದ್ದನ್ನು ಬೆಳಗುವ ಮೊದಲೇ ಕುಟ್ಟಿದ ಮನೆಯ ಹೆಣ್ಣು ನಮಗೆ ಬೇಡ, ಶಕುನ ಕೆಟ್ಟಿತು, ಸಂಬಂಧ ಇಲ್ಲಿಗೇ ನಿಲ್ಲಲಿ ಎಂದು ಹೇಳಿ ಎದ್ದು ನಿಂತರು. ಕೋಣೆಯ ಬಾಗಿಲ ಹಿಂದೆ ತಂಗಿ, ನೆರಿಗೆಯನ್ನು ಇನ್ನೂ ಸಿಕ್ಕಿಸಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡಿದ್ದಳು. ಆ ಮುಖ ನೋಡಿದಾಗಲೇ ನನಗೆ ಅವಳ ಮನಸ್ಸು ತಿಳಿದದ್ದು.

ಅತ್ತೆಯ ಕೈಯಲ್ಲಿ ಲೋಟ ಹಾಗೆಯೇ ಇತ್ತು. ಅವರು ಅವಸರ ಮಾಡದೆ ಅದನ್ನು ಕುಡಿದು ಮುಗಿಸಿದರು. ತಳದಲ್ಲಿ ಉಳಿದ ಶ್ಯಾವಿಗೆಯನ್ನು ಬೆರಳಲ್ಲಿ ತೆಗೆದು ತಿಂದರು. ಆಮೇಲೆ ತಲೆಯೆತ್ತಿ, "ಭಾವ, ನಿಮ್ಮ ಲೋಟ ಖಾಲಿ ಐತಿ" ಅಂದರು.

"ಐತಿ. ಏನೀಗ?"

"ಆನಿ ನಿಮ್ಮ ಹೊಟ್ಟ್ಯಾಗ ಐತ್ರಿ. ಅದನ್ನ ಕರ್ಕೊಂಡು ಎಲ್ಲಿಗೆ ಹೊಂಟ್ರಿ?"

ಹೆಂಗಸರಲ್ಲಿ ಯಾರೋ ನಕ್ಕು, ಸೆರಗನ್ನು ಬಾಯಿಗೆ ಒತ್ತಿಕೊಂಡರು. ಹಿರಿಯರು ನಗಲಿಲ್ಲ. "ಇದು ನಗೋ ಮಾತಲ್ಲ" ಅಂದರು.

"ಅಲ್ಲರಿ. ನಾಳಿ ಒಡಿಯೂದನ್ನ ಇವತ್ತ ಒಡದಾರ, ಅಷ್ಟ. ಪರ ಊರವರು, ಅವರಿಗೆ ಗೊತ್ತಿಲ್ಲ. ಹೇಳಬೇಕಾದಾಕಿ ನಾನು, ಹೇಳಲಿಲ್ಲ. ಬಿಡೂದಿದ್ರ ನನ್ನ ಬಿಡ್ರಿ. ಆ ಹುಡುಗೀನ ನಾ ಬಿಡಂಗಿಲ್ಲ."

ಹಾಗಾದರೆ ಮದುವೆಗೆ ನನ್ನನ್ನು ಕರೆಯಬೇಡ ಎಂದು ಹಿರಿಯರು ಹೊರಟುಹೋದರು. ಅದು ಸಣ್ಣ ಮಾತಾಗಿರಲಿಲ್ಲ. ಮಣೆಯ ಮೇಲೆ ಕೂರಲು ಆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹಿರಿಯರಿಲ್ಲದೆ ಮದುವೆ ಮಾಡಿದ ವಿಧವೆ ಎಂದು ಆಮೇಲೆ ಮಾತು ಕೇಳಬೇಕಾದವರೂ ಅತ್ತೆಯೇ.

ಅಮ್ಮ ಅಡುಗೆಮನೆಯಲ್ಲಿ ಕೂತು ಅಳುತ್ತಿದ್ದಳು. ಅತ್ತೆ ಒಳಗೆ ಹೋಗಿ ಅವಳ ಎದುರು ಕೂತು, "ಇನ್ನೊಂದು ಲೋಟ ಕೊಡ್ರಿ ಅಕ್ಕ. ಭಾವನ ಎರಡನೇ ಪಾಲು ಉಳದೈತಿ" ಅಂದರು. ಅಮ್ಮ ಅಳುತ್ತಲೇ ಬಡಿಸಿದಳು.

ನಾನು ಪೇಟೆಗೆ ಓಡಿದೆ. ಹುಣ್ಣಿಮೆಯ ಮಧ್ಯಾಹ್ನಕ್ಕೆ ಅಂಗಡಿಯಲ್ಲಿ ಅಚ್ಚು ತೊಳೆದಿಟ್ಟಿದ್ದರು. ಒಂದು ಗೊಂಬೆಯೂ ಇರಲಿಲ್ಲ. ಬರಿಗೈಯಲ್ಲಿ ಬಂದಾಗ ಅತ್ತೆ ಗೋಪುರವೊಂದೇ ಉಳಿದಿದ್ದ ತಟ್ಟೆಯನ್ನು ಅಮ್ಮನ ಕೈಗೆ ಕೊಡಿಸಿ, ಓಣಿಗೆ ಇಳಿದಿದ್ದರು. ಗಂಡನಿಲ್ಲದವರು ಆ ದಿನ ಆರತಿ ತಟ್ಟೆ ಮುಟ್ಟುವುದಿಲ್ಲ. ಅವರೂ ಮುಟ್ಟಲಿಲ್ಲ. ಅಮ್ಮನಿಗಿಂತ ಒಂದು ಹೆಜ್ಜೆ ಮುಂದೆ ನಡೆದು, ಪ್ರತಿ ಮನೆಯ ಬಾಗಿಲ ಹೊರಗೇ ನಿಂತು ಕೂಗುತ್ತಿದ್ದರು.

"ಒಂದು ಕುದುರಿ ಕೊಡ್ರವ್ವ."

"ಯಾಕ, ನಿಮ್ಮವು ಎಲ್ಲಿ ಹೋದ್ವು?"

"ನಮ್ಮ ಭಾವ ಹಸದು ಬಂದಿದ್ರು. ಆನಿ ಕುದುರಿ ಎಲ್ಲಾ ತಿಂದು ಹೋದ್ರು."

ಓಣಿ ನಕ್ಕಿತು, ಕೊಟ್ಟಿತು. ಕುಟ್ಟಿದವಳು ಅಮ್ಮನೆಂದು ಯಾರಿಗೂ ಗೊತ್ತಾಗಲಿಲ್ಲ. ಆ ಸಂಜೆ ತಂಗಿ ಹಿಡಿದ ತಟ್ಟೆಯಲ್ಲಿ ಹಳದಿ ಕುದುರೆ, ಬಿಳಿ ಒಂಟೆ, ಕುದುರೆಗಿಂತ ದೊಡ್ಡ ನವಿಲು, ಮೂಗು ಚಪ್ಪಟೆಯಾದ ಬಸವ, ಒಂದಕ್ಕೊಂದು ಸಂಬಂಧವಿಲ್ಲದ ಗಾತ್ರದವು ಸಾಲಾಗಿ ನಿಂತಿದ್ದವು. ಗೌರಿಯ ಮುಂದೆ ಅವಳು ಬೆಳಗುವಾಗ ಅತ್ತೆ ಎಲ್ಲರಿಗಿಂತ ಹಿಂದೆ, ಗೋಡೆಗೊರಗಿ ನಿಂತಿದ್ದರು...

ಹಿರಿಯರು ತಿಂಗಳುಗಟ್ಟಲೆ ಮಾತು ಬಿಟ್ಟರು. ಅತ್ತೆ ಪ್ರತಿ ಹಬ್ಬಕ್ಕೂ ಅವರ ಮನೆಗೆ ಅಡುಗೆ ಕಳಿಸುತ್ತಿದ್ದರು. ಪಾತ್ರೆ ಖಾಲಿಯಾಗಿ ವಾಪಸು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಮದುವೆ ಹತ್ತಿರವಾದಾಗ ಅತ್ತೆಯೇ ಹೋಗಿ ಬಾಗಿಲಲ್ಲಿ ನಿಂತು, "ನೀವು ಬರಲಿಲ್ಲಂದ್ರ ನಿಮ್ಮ ರುಮಾಲು ಮಣಿ ಮ್ಯಾಲ ಇಟ್ಟು ತಾಳಿ ಕಟ್ಟಸ್ತೀನಿ ಭಾವ. ಬೇರೆ ಯಾರನ್ನೂ ಕುಂದ್ರಸಂಗಿಲ್ಲ" ಎಂದು ಹೇಳಿ, ಉತ್ತರಕ್ಕೆ ಕಾಯದೆ ಬಂದರಂತೆ.

ಮದುವೆಯ ದಿನ ಬೆಳಿಗ್ಗೆ ಹಿರಿಯರು ಹೆಂಡತಿಯೊಡನೆ ಬಂದು, ಯಾರನ್ನೂ ನೋಡದೆ ಮಣೆಯ ಮೇಲೆ ಕೂತರು. ಊಟದ ಪಂಕ್ತಿಯಲ್ಲಿ ಅಮ್ಮ ತಾನೇ ಪಾಯಸ ಬಡಿಸಲು ಬಂದಾಗ ಎಲೆಗೆ ಕೈ ಅಡ್ಡ ಹಿಡಿದರು. ಅಮ್ಮ ಸೌಟನ್ನು ಪಾತ್ರೆಗೆ ವಾಪಸು ಇಳಿಸಿದಳು.

"ಇದರಾಗ ಯಾವ ಪ್ರಾಣಿ ಐತಿ?" ಎಂದು ಕೇಳಿದರು, ಕನ್ನಡದಲ್ಲಿ.

ಆಮೇಲೆ ಅತ್ತೆ ಒಂದು ಕೆಲಸ ಮೈಮೇಲೆ ಹಾಕಿಕೊಂಡರು. ಹೊಲಿಗೆಗೆಂದು ಬೇರೆ ಬೇರೆ ಕಡೆಯಿಂದ ಬಂದು ರಾಯದುರ್ಗದಲ್ಲಿ ನಿಂತ ಮನೆಗಳಲ್ಲಿ ಯಾವ ಹುಡುಗಿಗೆ ಸ್ಥಳೀಯರ ಸಂಬಂಧ ಗೊತ್ತಾದರೂ, ಹುಣ್ಣಿಮೆಗೆ ಮೊದಲು ಹೋಗಿ ಹೇಳಿ ಬರುತ್ತಿದ್ದರು. ಒಳಗೆ ಕರೆದರೂ ಹೋಗದೆ ಹೊಸ್ತಿಲ ಹೊರಗೆ ಕೂತು, ಏನೇನು ತರುತ್ತಾರೆ, ಎಲ್ಲಿಡಬೇಕು, ಯಾವಾಗ ಬೆಳಗಬೇಕು, ಎಲ್ಲ ವಿವರಿಸಿ, ಕೊನೆಗೆ "ಕುಟ್ಟಾಣಿ ಮಾತ್ರ ಮ್ಯಾಲಿಡ್ರಿ" ಅನ್ನುತ್ತಿದ್ದರು. ಯಾಕೆಂದು ಕೇಳಿದವರಿಗೆ ಭಾವನ ಹಸಿವಿನ ಕತೆ ಹೇಳುತ್ತಿದ್ದರು. ಅಮ್ಮನ ಹೆಸರು ಅದರಲ್ಲಿ ಎಂದೂ ಬರಲಿಲ್ಲ. ಅಮ್ಮ ತಾನಾಗಿ ಹೇಳಿಕೊಂಡು ನಗುವವರೆಗೆ ಓಣಿಗೆ ನಿಜ ತಿಳಿಯಲೇ ಇಲ್ಲ.

ಕಣ್ಣು ಮಂಜಾಗಿ ದಾರ ಕತ್ತರಿಸುವುದು ನಿಂತಿತು. ಮನೆಗಳಿಗೆ ಹೋಗುವುದು ನಿಲ್ಲಲಿಲ್ಲ. ಓಣಿಯ ಹೊಸಬರಿಗೆ ಅವರು ಅಜ್ಜಿಯಾದರು. ಮೊಮ್ಮಗಳ ಕೈ ಹಿಡಿದುಕೊಂಡು ಹೋಗಿ ಬರುತ್ತಿದ್ದರು.

ಈ ವರ್ಷ ಮುಂಗಾರಿಗೆ ಮೊದಲು ತೀರಿಕೊಂಡರು. ಸಾವಾದ ವರ್ಷ ಆ ಮನೆಯಲ್ಲಿ ಹಬ್ಬವಿಲ್ಲ, ಮನೆಯವರು ಬೇರೆಯವರ ಶುಭಕಾರ್ಯದ ಮಾತಿಗೂ ಹೋಗುವಂತಿಲ್ಲ. ನಾನು ಹೋದ ದಿನ ತಂಗಿ ಚಹಾ ಕೊಟ್ಟು, "ಕೊನೇ ಮನ್ಯಾಗ ನಮ್ ಕಡೆಯೋರೇ ಹೊಸದಾಗಿ ಬಂದವ್ರೆ. ಮಗಳಿಗೆ ಇಲ್ಲೇ ಸಂಬಂಧ ಗೊತ್ತಾಗೈತೆ. ನಾನು ಹೋಗಂಗಿಲ್ಲಣ್ಣ, ನೀನೇ ಹೇಳಿ ಬಾ" ಅಂದಳು. ಅವಳ ಮಾತಿನಲ್ಲಿ ಈಗ ಎರಡೂ ಊರುಗಳಿವೆ.

ಬಾಗಿಲು ತೆರೆದಾಕೆಗೆ ಅಮ್ಮನ ಆಗಿನ ವಯಸ್ಸಿರಬಹುದು. ಸಕ್ಕರೆ ಆರತಿ ಎಂದು ನಾನು ಶುರುಮಾಡುತ್ತಿದ್ದಂತೆ ಆಕೆಯ ಮುಖ ಸಡಿಲವಾಯಿತು.

"ಅಜ್ಜಿ ಕಳಿಸಿದ್ರಾ? ಹೊಲಿಗೆ ತಾವ ಎಲ್ಲಾ ಹೇಳಿದ್ರು, ಒಬ್ಬ ಅಜ್ಜಿ ಬಂದು ಹೇಳ್ಕೊಡ್ತಾರೆ ಅಂತ. ಇನ್ನೂ ಬರ್ಲಿಲ್ವಲ್ಲ ಅಂತ ಕಾಯ್ತಿದ್ದೆ."

ನಿಧನದ ಸುದ್ದಿಗಳನ್ನು ಲೆಕ್ಕವಿಲ್ಲದಷ್ಟು ಬರೆದಿದ್ದೇನೆ. ಅಜ್ಜಿ ತೀರಿಕೊಂಡರು ಎಂದು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನಾನು ಹೊರಗೇ ನಿಂತು, ಅತ್ತೆ ಹೇಳುತ್ತಿದ್ದ ಕ್ರಮ ನೆನಪಿಸಿಕೊಂಡು, ಗೊತ್ತಿದ್ದಷ್ಟನ್ನು ಹೇಳಿ ಮುಗಿಸಿದೆ. ಹೊರಡುವಾಗ ಆಕೆ ಕೇಳಿದಳು.

"ನಮ್ಮೆಜಮಾನ್ರಿಲ್ಲ. ತಟ್ಟೆ ನಾನೇ ಎತ್ತಿಕೊಡಬೇಕು, ಬೇರೆ ಯಾರೂ ಇಲ್ಲ. ಅಜ್ಜೀಗೂ ಯಜಮಾನ್ರು ಇರ್ಲಿಲ್ಲ ಅಂದ್ರು... ಅವ್ರು ತಟ್ಟೆ ಮುಟ್ತಿದ್ರಾ?"

ಗೋಡೆಗೊರಗಿ ನಿಂತವರನ್ನು ನಾನು ನೋಡಿದ್ದೆ. ಆಮೇಲಿನ ವರ್ಷಗಳಲ್ಲೂ ನೋಡಿದ್ದೆ, ಅದೇ ಗೋಡೆ.

"ಮುಟ್ತಿದ್ರು" ಅಂದೆ. "ಮೊದಲು ಅವರೇ ಮುಟ್ತಿದ್ರು."

ಹಾಗಲ್ಲ ಎಂದು ನನ್ನನ್ನು ತಿದ್ದಲು ಅವರು ಈಗ ಇಲ್ಲ.