ಹುಳುಮನೆಗೆ ಬಿಸಿಲು ಬಿಟ್ಟ ಸುಬ್ಬರಾಯಪ್ಪ

ತಾಯಲೂರಿನ ಸ್ಟುಡಿಯೋ ಸುಬ್ಬರಾಯಪ್ಪ ಫ್ಲ್ಯಾಶ್ ಕಂಡರೆ ಹಾವು ತುಳಿದವನಂತೆ ಹಾರುತ್ತಿದ್ದ. ಮೂವತ್ತೈದು ವರ್ಷದಲ್ಲಿ ಅವನು ತೆಗೆದ ಮದುವೆ ಫೋಟೋಗಳನ್ನು ಸಾಲಾಗಿ ಹಾಸಿದರೆ ಮುಳಬಾಗಿಲಿನಿಂದ ಮಾಲೂರಿಗೆ ಕಾಲಿಗೆ ಮಣ್ಣು ತಾಗದಂತೆ ನಡೆದುಹೋಗಬಹುದು. ಅದರಲ್ಲಿ ಫ್ಲ್ಯಾಶ್ ಬಿದ್ದ ಹೆಣ್ಣುಗಂಡೆಲ್ಲ ರಾಗಿ ಮಿಲ್ಲಿನಿಂದ ನೇರ ಹಸೆಮಣೆಗೆ ಬಂದವರಂತೆ ಕಾಣುತ್ತಾರೆ ಅನ್ನುವುದೇ ಅವನ ಕೊರಗು. ಅರವತ್ತಾದ ಮೇಲೆ ಮದುವೆಗಳನ್ನು ಬಿಟ್ಟು, ಮ್ಯಾಕ್ರೋ ಲೆನ್ಸ್ ಕೊಂಡು, ಹುಳುಹುಪ್ಪಟೆಗಳ ಹಿಂದೆ ಬಿದ್ದ. ಇರುವೆಯ ಮೀಸೆ, ಮಿಡತೆಯ ಮಂಡಿ, ಏನಿದ್ದರೂ ಬಿಸಿಲಲ್ಲೇ. ಒಂದು ಜೇಡ ನೆರಳು ಬಿಟ್ಟು ಬರಲಿ ಅಂತ ಬೇಲಿ ಪಕ್ಕ ಎಷ್ಟು ಹೊತ್ತು ಕುಕ್ಕರುಗಾಲಲ್ಲಿ ಕೂತನೆಂದರೆ, ಜೇಡ ಇವನ ಕಿವಿಗೂ ಬೇಲಿಗೂ ಬಲೆ ಕಟ್ಟಿ ಮುಗಿಸಿತ್ತು.

ಕೋಲಾರದ ಫೋಟೋ ಪ್ರದರ್ಶನಕ್ಕೆ ಈ ಸಲ ರೇಷ್ಮೆ ಹುಳದ ಮುಖ ಕಳಿಸಬೇಕೆಂದು ತಂಗಿ ಅನಸೂಯಮ್ಮನ ಹುಳುಮನೆಗೆ ಬಂದ. ಹುಳುಗಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಪೊರೆ ಕಳಚಿ, ಮಳೆ ಸುರಿದ ಸದ್ದಿನಲ್ಲಿ ಸೊಪ್ಪು ಮೇಯುತ್ತಿದ್ದವು. ಇನ್ನೊಂದು ವಾರಕ್ಕೆ ಗೂಡು. ಕಿಟಕಿಗೆಲ್ಲ ನೈಲಾನ್ ಬಲೆ, ಅದರ ಮೇಲೆ ಗೋಣಿತಾಟು.

“ಅಣ್ಣ, ಕಾಲು ತೊಳ್ಕೊಂಡು ಒಳಗೆ ಹೋಗು. ಕಿಟಕಿ ಮಾತ್ರ ಮುಟ್ಟಬೇಡ,” ಎಂದು ಹೇಳಿ ಅನಸೂಯಮ್ಮ ಸೊಪ್ಪು ಕೊಯ್ಯಲು ಹೋದಳು.

ಒಳಗೆ ಮಬ್ಬು. ಹುಳ ಒಂದು ಗಳಿಗೆಯೂ ತಲೆ ಆಡಿಸುವುದು ನಿಲ್ಲಿಸದು. ಫೋಟೋದಲ್ಲಿ ಹುಳದ ಬದಲು ಹೊಗೆ ಬಂತು. ಸುಬ್ಬರಾಯಪ್ಪ ಮೊದಲು ಗೋಣಿತಾಟು ಎತ್ತಿದ. ಸಾಲಲಿಲ್ಲ. ಬಲೆಯನ್ನೂ ಎತ್ತಿದ. ಹುಳುಗಳಿದ್ದ ತಟ್ಟೆಯ ಮೇಲೆ ಬಿಸಿಲು ಬಿತ್ತು. ತೆಗೆದದ್ದು ತೆಗೆದು, ಎಲ್ಲವನ್ನೂ ಮೊದಲಿನಂತೆ ಮುಚ್ಚಿ, ಕಾಫಿ ಕುಡಿದು ಮನೆಗೆ ಹೋದ.

ಮಾರನೆಯ ದಿನ ಫೋಟೋ ತೋರಿಸಲು ಬಂದಾಗ ಅನಸೂಯಮ್ಮನ ಮಗಳು ದಿವ್ಯ ಮುಖ ಕಿವುಚಿದಳು.

“ಮಾವ, ಇದು ಹುಳನೋ, ಒಗೆದು ಹಿಂಡಿದ ಟವಲೋ? ಫ್ಲ್ಯಾಶ್ ಹಾಕು.”

“ಬೆಳ್ಳಗಿರೋ ಹುಳಕ್ಕೆ ಫ್ಲ್ಯಾಶಾ? ಹೊಳೆದು ಕನ್ನಡಿ ಆಗುತ್ತೆ ಕಣೇ!”

“ಅದಕ್ಕೇ ಬಟ್ಟೆ ಉಡಿಸೋಣ.”

ಮುರಿದ ಜರಡಿಯ ಬಳೆಗೆ ಹಳೇ ಪಂಚೆಯ ತುಂಡು ಬಿಗಿದು, ಫ್ಲ್ಯಾಶಿನ ಮುಂದೆ ಹಿಡಿದಳು. ಇಬ್ಬರೂ ಹುಳುಮನೆಯೊಳಗೆ ಹೋದರು. ಸುಬ್ಬರಾಯಪ್ಪ ಕಹಿ ಮಾತ್ರೆ ನುಂಗುವವನಂತೆ ಕಣ್ಣು ಮುಚ್ಚಿ ಒತ್ತಿದ.

ಕ್ಯಾಮೆರಾದ ಪರದೆ ನೋಡಿ ಬಾಯಿ ತೆರೆದವನು ಮುಚ್ಚುವುದು ಮರೆತ. ಹೊಳಪಿಲ್ಲ, ಹೊಗೆಯಿಲ್ಲ. ಬೆಳಕು ಪಂಚೆಯಲ್ಲಿ ಸೋಸಿಕೊಂಡು ಬಂದು ಹುಳದ ಮೈಯ ಒಂದೊಂದು ಮಡಿಕೆಯನ್ನೂ ಸವರಿತ್ತು. ಬೆನ್ನ ಮೇಲೊಂದು ಬಿಳಿ ಚುಕ್ಕೆ. ಎಳ್ಳಿನ ಕಾಲು ಭಾಗ. ಧೂಳೆಂದು ಲೆನ್ಸ್ ಒರೆಸಿ ಮತ್ತೆ ತೆಗೆದ. ಚುಕ್ಕೆ ಅಲ್ಲೇ.

ದಿವ್ಯ ಪರದೆಗೆ ಮೂಗು ತಾಗುವಷ್ಟು ಬಾಗಿದಳು. “ಮಾವ, ಅದು ಊಜಿ ನೊಣದ ಮೊಟ್ಟೆ.”

ಊಜಿ ಮರಿ ಹುಳದೊಳಗೆ ಕೊರೆದು ಹೋಗುತ್ತದೆ, ಒಳಗಿಂದ ತಿನ್ನುತ್ತದೆ. ಆ ಹುಳ ಗೂಡು ಕಟ್ಟುವುದಿಲ್ಲ. ಬಲೆ ಇದ್ದದ್ದು ಅದೊಂದು ನೊಣಕ್ಕೇ. ಸುಬ್ಬರಾಯಪ್ಪನ ಎದೆ ಧಸಕ್ಕೆಂದ ಸದ್ದು ಶ್ರೀನಿವಾಸಪುರದ ಬಸ್‌ಸ್ಟ್ಯಾಂಡಿಗೂ ಕೇಳಿರಬೇಕು.

ಅನಸೂಯಮ್ಮ ಓಡಿ ಬಂದಳು. “ದೇವುಡಾ! ಬಲೆ ಇದ್ದೂ ಹೆಂಗೆ ಬಂತು?”

“ನಾನೇ ಕಣಮ್ಮ... ಬಿಸಿಲಿಗೆ ಅಂತ ಕಿಟಕಿ ತೆಗೆದೆ.”

ಅವಳು ಬೈಯಲಿಲ್ಲ. ಬೈದಿದ್ದರೆ ಅಣ್ಣನಿಗೆ ವಾಸಿ ಅನಿಸುತ್ತಿತ್ತು.

“ಎಷ್ಟು ಹೊತ್ತು?”

“ಐದು ನಿಮಿಷ.”

“ಅಣ್ಣಾ.”

“ಹದಿನೈದು.”

“ಅಣ್ಣಾ!”

“ಮುಕ್ಕಾಲು ಗಂಟೆ.”

ಅನಸೂಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಮೊಟ್ಟೆ ಒಡೆಯೋಕೆ ಇನ್ನೊಂದು ದಿನ ಇದೆ. ಈ ಮಬ್ಬಲ್ಲಿ ನನ್ನ ಕಣ್ಣಿಗೆ ಕಾಣಲ್ಲ, ನಿನ್ನ ಕ್ಯಾಮೆರಾಗೆ ಕಾಣುತ್ತೆ. ಹುಡುಕು.”

ಆ ದಿನ ಸುಬ್ಬರಾಯಪ್ಪ ಹೊಡೆದಷ್ಟು ಫ್ಲ್ಯಾಶನ್ನು ಮೂರು ತಾಲ್ಲೂಕಿನ ಮದುವೆಗಳಲ್ಲೂ ಯಾರೂ ಹೊಡೆದಿರಲಾರರು. ದಿವ್ಯ ಪಂಚೆ ಹಿಡಿದಳು. ಅವನು ಪರದೆಯಲ್ಲಿ ಚುಕ್ಕೆ ಹುಡುಕಿದ. ಅನಸೂಯಮ್ಮ ಚುಕ್ಕೆಯಿದ್ದ ಹುಳಗಳನ್ನು ಬೇರೆ ಮಾಡಿ ಮೊಟ್ಟೆ ಕೊಲ್ಲುವ ಊಜಿ ಮದ್ದು ಚೆಲ್ಲಿದಳು. ಕಿಟಕಿ ಪಕ್ಕದ ಮೂರು ತಟ್ಟೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಸಿಕ್ಕವು. ಆಚೆಯ ತಟ್ಟೆಗಳಲ್ಲಿ ಒಂದೂ ಇರಲಿಲ್ಲ. ಸಂಜೆ ಅವನ ಬೆನ್ನು ಪ್ರಶ್ನಾರ್ಥಕ ಚಿಹ್ನೆಯಾಗಿತ್ತು.

ವಾರ ಕಳೆದು ಹುಳಗಳು ಮೇವು ಬಿಟ್ಟು ಹಣ್ಣಾಗಿ ಬಿದಿರಿನ ಚಂದ್ರಿಕೆ ತಟ್ಟಿ ಏರಿದವು, ಗೂಡು ಕಟ್ಟಿದವು. ಗೂಡು ಬಿಡಿಸುವ ದಿನ ಸುಬ್ಬರಾಯಪ್ಪ ಹೊಸಿಲಾಚೆಯೇ ನಿಂತ, ಒಳಗೆ ಬರುವ ಧೈರ್ಯವಾಗಲಿಲ್ಲ. ಅನಸೂಯಮ್ಮ ಒಂದು ಗಟ್ಟಿ ಗೂಡನ್ನು ಅವನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಊಜಿ ಮುಟ್ಟದ ಕೋಶ ಟಕ್ಕೆಂದಿತು.

“ಕೇಳಿಸ್ತಾ? ಮುಂದಿನ ಬೆಳೆಗೂ ಬಾ ಅಣ್ಣ. ಪಂಚೆ ತಗೊಂಡು ಬಾ.”

ಕಿಟಕಿಗೆ ಅವಳು ಆಗಲೇ ಹನ್ನೆರಡು ಮೊಳೆ ಹೊಡೆಸಿದ್ದಳು.