ಒಂದು ಒಳಲೆ ನೀರು

ಕೋವಿಡ್ ವಾರ್ಡುಗಳನ್ನು ಮುಚ್ಚಿ ಆಸ್ಪತ್ರೆಗಳು ಮತ್ತೆ ಮಾಮೂಲಿ ರೋಗಿಗಳನ್ನು ನೋಡತೊಡಗಿದ ವರ್ಷ. ನಾನಾಗ ಮೈಸೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಬೇರಿಯಾಟ್ರಿಕ್ ಕೋಆರ್ಡಿನೇಟರ್ ಆಗಿದ್ದೆ. ಇಪ್ಪತ್ತಾರು ವರ್ಷ ವಾರ್ಡ್ ನರ್ಸಾಗಿ ಕಾಲು ಸವೆಸಿದ ಮೇಲೆ ಸಿಕ್ಕಿದ ಹುದ್ದೆ. ನಂಜನಗೂಡಿನ ಮನೆಯಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಬೇರಿಯಾಟ್ರಿಕ್ ಎಂದರೆ ತೂಕ ಇಳಿಸಲು ಮಾಡುವ ಆಪರೇಷನ್. ಅದರಲ್ಲಿ ಸ್ಲೀವ್ ಎಂಬ ವಿಧಾನ ನಮ್ಮಲ್ಲಿ ಹೆಚ್ಚು. ಜಠರದ ಮುಕ್ಕಾಲು ಪಾಲು ತೆಗೆದುಹಾಕಿ, ಉಳಿದದ್ದನ್ನು ಒಂದು ಬಾಳೆಹಣ್ಣಿನಷ್ಟು ಕೊಳವೆಯಾಗಿ ಉಳಿಸುತ್ತಾರೆ. ಸರ್ಜನ್ ಕೆಲಸ ಒಂದೂವರೆ ಗಂಟೆ. ಅದಕ್ಕೆ ಮುಂಚಿನ ಎರಡು ತಿಂಗಳು, ಆಮೇಲಿನ ಎರಡು ವರ್ಷ ನನ್ನ ಪಾಲು. ಜಂಬ ಎಂದುಕೊಂಡರೂ ಚಿಂತೆಯಿಲ್ಲ, ಆ ಕೆಲಸವನ್ನು ನನ್ನಷ್ಟು ಹಟ ಹಿಡಿದು ಮಾಡಿದವರನ್ನು ನಾನು ನೋಡಿಲ್ಲ.

ಮಂಜುಳಾ ನಮ್ಮಲ್ಲಿಗೆ ಬಂದಾಗ ಅವಳಿಗೆ ಮೂವತ್ತಮೂರು ವರ್ಷ. ಗಂಡನ ಮನೆ ತಾಂಡವಪುರ. ತಾಂಡ್ಯದ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ, ಗಂಡ ನಾಗೇಂದ್ರ ಅಲ್ಲೇ ಎಲೆಕ್ಟ್ರಿಷಿಯನ್. ಎತ್ತರ ಐದು ಅಡಿ ಒಂದು ಇಂಚು, ತೂಕ ನೂರ ಹದಿನೆಂಟು ಕೆಜಿ. ನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ ಬೇರೆ. ಎಂಟು ಗಂಟೆ ನಿಂತೇ ಮಾಡುವ ಕೆಲಸ, ಮಧ್ಯಾಹ್ನದ ಹೊತ್ತಿಗೆ ಕಾಲು ಊದಿ ಚಪ್ಪಲಿಗೆ ಹೋಗುತ್ತಿರಲಿಲ್ಲ. ಅವಳು ನಡೆದಿದ್ದಳು, ಉಪವಾಸ ಮಾಡಿದ್ದಳು, ಯಾರು ಯಾರೋ ಹೇಳಿದ ಕಷಾಯವನ್ನೆಲ್ಲ ಕುಡಿದಿದ್ದಳು. ಹತ್ತು ಕೆಜಿ ಇಳಿದರೆ ಹನ್ನೆರಡು ಏರುತ್ತಿತ್ತು. ಮೊದಲ ದಿನ ನನ್ನ ಮುಂದೆ ಕೂತು ಮೆಲ್ಲಗೆ ಹೇಳಿದಳು: “ಸಿಸ್ಟರ್, ದುಡಿಯಕ್ಕೆ ಒಂದ್ ಮೈ ಬೇಕು. ಅಷ್ಟು ಮಾಡ್ಕೊಡಿ ಸಾಕು.”

ತೂಕದ ಆಪರೇಷನ್ ಎಂದರೆ ಬಂದು ಮಲಗಿದ ಕೂಡಲೇ ಕೊಯ್ಯುವುದಲ್ಲ. ನನ್ನ ಫೈಲಿನಲ್ಲಿ ನಲವತ್ತೆರಡು ಪ್ರಶ್ನೆಗಳಿದ್ದವು, ಅಷ್ಟಕ್ಕೂ ಉತ್ತರ ಸಿಗದೆ ಸರ್ಜನ್ ಮೇಜಿಗೆ ಕಳಿಸುತ್ತಿರಲಿಲ್ಲ. ಮೂರು ತಿಂಗಳ ಸರಾಸರಿ ಸಕ್ಕರೆ, ಥೈರಾಯ್ಡ್, ರಕ್ತದಲ್ಲಿ ಕಬ್ಬಿಣದ ಮತ್ತು ವಿಟಮಿನ್‌ಗಳ ಮಟ್ಟ ನೋಡಿದೆವು. ಹೃದಯಕ್ಕೆ ಇಸಿಜಿ, ಎಕೋ ಆಯಿತು. ಜಠರದೊಳಗೆ ಹುಣ್ಣಿದೆಯೇ ಎಂದು ಎಂಡೋಸ್ಕೋಪಿ, ಮನಸ್ಸು ಸಿದ್ಧವಿದೆಯೇ ಎಂದು ಕೌನ್ಸೆಲರ್ ಜೊತೆ ಎರಡು ಭೇಟಿ. ಮಲಗಿದಾಗ ಉಸಿರು ಕಟ್ಟುತ್ತದೆಯೇ ಎಂದು ನೋಡುವ ಸ್ಲೀಪ್ ಸ್ಟಡಿಯಲ್ಲಿ ಅವಳು ಫೇಲಾದಳು. ಹಾಗಾಗಿ ಆಪರೇಷನ್‌ಗೆ ಮುಂಚೆ ಐದು ವಾರ ಗಾಳಿ ಊದುವ ಮಾಸ್ಕ್ ಹಾಕಿಕೊಂಡೇ ಮಲಗಬೇಕಾಯಿತು. ಹೆಂಡತಿಯ ಗೊರಕೆ ನಿಂತು ಮದುವೆಯಾದ ಮೇಲೆ ಮೊದಲ ಸಲ ನೆಟ್ಟಗೆ ನಿದ್ದೆ ಮಾಡಿದೆ ಎಂದು ನಾಗೇಂದ್ರ ಹೇಳಿದಾಗ ಮಂಜುಳಾ ಅವನ ತೋಳಿಗೆ ಚಿವುಟಿದಳು.

ಕೊನೆಯ ಎರಡು ವಾರ ಬರೀ ದ್ರವಾಹಾರ. ಕೊಬ್ಬು ತುಂಬಿ ಊದಿಕೊಂಡ ಲಿವರ್ ಕುಗ್ಗಿದರೆ ಮಾತ್ರ ಅದರ ಕೆಳಗಿರುವ ಜಠರ ಸರ್ಜನ್ ಕೈಗೆ ಸಿಗುತ್ತದೆ. ತಾಂಡವಪುರ ನನ್ನ ದಾರಿಯಲ್ಲೇ ಇದ್ದದ್ದರಿಂದ ಸಂಜೆ ಬಸ್ಸಿಳಿದು ಮೂರು ಸಲ ಅವರ ಮನೆಗೆ ಹೋದೆ. ಅಡುಗೆ ಮಾಡುವವರು ಅವಳ ಅತ್ತೆ. ಆಪರೇಷನ್ ಆದ ಮೇಲೆ ಏನು, ಎಷ್ಟು, ಯಾವಾಗ ಕೊಡಬೇಕೆಂದು ಅವರಿಗೆ ಪಾಠ ಮಾಡಿದೆ. ಕಾಲು ಗಂಟೆಗೊಮ್ಮೆ ಮೂವತ್ತು ಮಿಲಿ ನೀರು, ಗುಟುಕು ಗುಟುಕಾಗಿ. ದಿನಕ್ಕೆ ಇಷ್ಟು ಪ್ರೋಟೀನ್ ಪೌಡರ್. ವಿಟಮಿನ್ ಮಾತ್ರೆ ಜೀವನಪೂರ್ತಿ, ಒಂದು ದಿನವೂ ತಪ್ಪುವಂತಿಲ್ಲ. ಅತ್ತೆ ಗೋಡೆಯ ಕ್ಯಾಲೆಂಡರಿನ ಹಿಂದೆ ಎಲ್ಲವನ್ನೂ ಬರೆಸಿಕೊಂಡರು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು ಮನೆಗೆ ಬಂದೆ.

ಆಪರೇಷನ್ ಸುಸೂತ್ರವಾಗಿ ಆಯಿತು. ಮೂರನೆಯ ದಿನ ಮನೆಗೆ ಹೋದಳು, ಹತ್ತನೆಯ ದಿನ ತಪಾಸಣೆಗೆ ಬಂದಾಗ ತೂಕ ನೂರ ಏಳು. ಮುಖ ಗೆಲುವಾಗಿತ್ತು, ಗಾಯ ಒಣಗಿತ್ತು. ಒಂದು ತಿಂಗಳ ತಪಾಸಣೆಗೆ ಮಾತ್ರ ಬರಲಿಲ್ಲ. ಫೋನ್ ಮಾಡಿದೆ. ತವರಿಗೆ ಹೋಗಿದ್ದಾಳೆ, ಚೆನ್ನಾಗಿದ್ದಾಳೆ, ತೂಕವೂ ಸರಸರ ಇಳಿಯುತ್ತಿದೆ ಎಂದ ನಾಗೇಂದ್ರ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ನಾನೂ ಸುಮ್ಮನಾದೆ. ಇಂದಿಗೂ ಆ ಸುಮ್ಮನಿದ್ದದ್ದನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಆರನೆಯ ವಾರದ ಭಾನುವಾರ. ನನಗೆ ವಾರದ ರಜೆ. ಬೆಳಗ್ಗೆ ತಿಂಡಿ ಮುಗಿಸಿ ಕೂತವಳಿಗೆ ಯಾಕೋ ಮನಸ್ಸು ತಡೆಯದೆ ಮಂಜುಳಾಳ ಮೊಬೈಲಿಗೆ ಕರೆ ಮಾಡಿದೆ. ಎತ್ತಿದ್ದು ಅವಳ ತಾಯಿ ಚಿಕ್ಕತಾಯಮ್ಮ. ಊರು ಮುಡುಕುತೊರೆಯ ಹತ್ತಿರದ ಒಂದು ಹಳ್ಳಿ. ಮಗಳು ಚೆನ್ನಾಗಿದ್ದಾಳೆ, ಸ್ವಲ್ಪ ವಾಂತಿ, ಸುಸ್ತು ಅಷ್ಟೇ, ಈಗ ನರಸೀಪುರದ ಕ್ಲಿನಿಕ್ಕಿಗೆ ಹೊರಟಿದ್ದೇವೆ ಎಂದರು. ವಾಂತಿ ಎಷ್ಟು ದಿನದಿಂದ ಎಂದೆ. ಮೂರು ವಾರ ಆಗಿರಬಹುದು ಎಂಬ ಉತ್ತರ ಬಂತು. ಆಮೇಲೆ ತಾವಾಗಿಯೇ ಒಂದು ಮಾತು ಸೇರಿಸಿದರು: “ಗ್ಲೂಕೋಸ್ ಆಕ್ಸಿದ್ರೆ ಸರಿಯೋಯ್ತಳೆ ಬುಡವ್ವ. ನೆನ್ನೆಯಿಂದ ಕಣ್ಗೆ ಎಲ್ಲಾ ಎರಡೆರಡು ಕಾಣ್ತದೆ ಅಂತವ್ಳೆ, ನಿತ್ರಾಣ ಇರ್ಬೇಕು.”

ನಾನು ಕೂತಲ್ಲಿಂದ ದಡಕ್ಕನೆ ಎದ್ದೆ. ಯಾಕೆಂದು ಹೇಳುತ್ತೇನೆ. ನಮ್ಮ ಮೆದುಳಿಗೆ ಬಿ-ಒನ್ ಅಥವಾ ಥಯಮಿನ್ ಎಂಬ ವಿಟಮಿನ್ ಬೇಕೇ ಬೇಕು. ದೇಹದಲ್ಲಿ ಅದರ ದಾಸ್ತಾನು ಇರುವುದು ಎರಡು ಮೂರು ವಾರಕ್ಕಾಗುವಷ್ಟು. ಊಟ ಕಡಿಮೆಯಾಗಿ, ಮಾತ್ರೆ ನಿಂತು, ತಿಂದದ್ದೆಲ್ಲ ವಾಂತಿಯಾದರೆ ಅದು ಬರಿದಾಗುತ್ತದೆ. ಮೊದಲು ಕಣ್ಣು ಕೆಡುತ್ತದೆ, ಆಮೇಲೆ ನಡಿಗೆ, ಆಮೇಲೆ ನೆನಪು. ಈ ಸ್ಥಿತಿಯಲ್ಲಿ ಥಯಮಿನ್ ಕೊಡದೆ ಗ್ಲೂಕೋಸ್ ಹಾಕಿದರೆ, ಉಳಿದಿರುವ ಚೂರನ್ನೂ ಆ ಗ್ಲೂಕೋಸ್ ತಿಂದುಹಾಕುತ್ತದೆ. ಹೋದ ನೆನಪು ಮರಳದಿರಬಹುದು, ಜೀವವೇ ಹೋಗಬಹುದು. ನಮ್ಮ ಕಡೆ ಸುಸ್ತೆಂದರೆ ಮೊದಲು ಕೇಳುವುದೇ ಒಂದು ಬಾಟಲಿ ಗ್ಲೂಕೋಸ್. ನೂರಕ್ಕೆ ತೊಂಬತ್ತು ಜನಕ್ಕೆ ಅದರಿಂದ ಏನೂ ಆಗುವುದಿಲ್ಲ. ಮಂಜುಳಾಗೆ ಆಗುತ್ತಿತ್ತು.

ಯಾವ ಕ್ಲಿನಿಕ್ ಎಂದು ಕೇಳಿಕೊಂಡು, ಗ್ಲೂಕೋಸ್ ಹಾಕಿಸಬೇಡಿ, ನಾನು ಬರುವತನಕ ಕಾಯಿರಿ ಎಂದು ಚಿಕ್ಕತಾಯಮ್ಮನಿಗೆ ಮೂರು ಸಲ ಹೇಳಿದೆ. ಹೂಂ ಎಂದರು, ಆದರೆ ಅವರ ಹೂಂ ನನಗೆ ನಂಬಿಕೆ ಹುಟ್ಟಿಸಲಿಲ್ಲ. ಸರ್ಜನ್‌ಗೆ ಫೋನ್ ಮಾಡಿದೆ. ಥಯಮಿನ್ ಇಂಜೆಕ್ಷನ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಅಲ್ಲಿಯ ಡಾಕ್ಟರ್ ಜೊತೆ ನಾನು ಮಾತಾಡುತ್ತೇನೆ ಎಂದರು. ನಂಜನಗೂಡಿನ ಮೂರನೆಯ ಮೆಡಿಕಲ್ ಸ್ಟೋರಿನಲ್ಲಿ ಅದು ಸಿಕ್ಕಿತು. ಪಕ್ಕದ ಮನೆಯವರ ಕಾರು ಹತ್ತಿದೆ. ದಾರಿಯುದ್ದಕ್ಕೂ ಆ ಮೊಬೈಲಿಗೆ ಕರೆ ಮಾಡುತ್ತಲೇ ಇದ್ದೆ, ಯಾರೂ ಎತ್ತಲಿಲ್ಲ.

ನರಸೀಪುರದ ಆ ಕ್ಲಿನಿಕ್ಕಿನ ಒಳಗೆ ಕಾಲಿಟ್ಟಾಗ ಮಂಜುಳಾಳ ಕೈಗೆ ಸೂಜಿ ಚುಚ್ಚಿ ಆಗಿತ್ತು, ಸ್ಟ್ಯಾಂಡಿನಲ್ಲಿ ಬಾಟಲಿ ತೂಗುತ್ತಿತ್ತು. ಟ್ಯೂಬ್ ಸೇರಿಸುವುದೊಂದೇ ಬಾಕಿ. ಅಲ್ಲಿಯ ಡಾಕ್ಟರ್ ಚಿಕ್ಕ ವಯಸ್ಸಿನವರು, ಒಳ್ಳೆಯವರು. ಹೊಟ್ಟೆ ಆಪರೇಷನ್ ಆಗಿದೆ ಎಂದಷ್ಟೇ ಅವರಿಗೆ ಗೊತ್ತಿತ್ತು, ಎಂಥ ಆಪರೇಷನ್ ಎಂದು ಯಾರೂ ಹೇಳಿರಲಿಲ್ಲ. ನಾನು ಸರ್ಜನ್‌ಗೆ ಕರೆ ಮಾಡಿ ಫೋನನ್ನು ಅವರ ಕೈಗಿಟ್ಟು ಮಂಜುಳಾಳ ಕಡೆ ತಿರುಗಿದೆ. ತಲೆಗೆ ಬಟ್ಟೆ ಬಿಗಿದಿತ್ತು, ಕಿವಿಯಲ್ಲಿ ಹತ್ತಿ. ಕಣ್ಣಗುಡ್ಡೆಗಳು ಒಂದು ಕಡೆ ನಿಲ್ಲದೆ ಅದುರುತ್ತಿದ್ದವು. ನನ್ನನ್ನು ನೋಡಿ ಗುರುತು ಹಿಡಿದವಳಂತೆ ನಕ್ಕಳು.

“ಸಿಸ್ಟರ್, ನನ್ನ ಆಪರೇಷನ್ ಯಾವತ್ತು?” ಎಂದಳು.

ಅಷ್ಟರಲ್ಲಿ ಆ ಡಾಕ್ಟರ್ ಫೋನ್ ಕೆಳಗಿಟ್ಟು ಗ್ಲೂಕೋಸ್ ಬಾಟಲಿಯನ್ನು ಸ್ಟ್ಯಾಂಡಿನಿಂದ ಇಳಿಸಿದರು. ನಾನು ತಂದಿದ್ದ ಥಯಮಿನ್ ಅನ್ನು ಸಲೈನ್‌ನಲ್ಲಿ ಬೆರೆಸಿ ಅವರೇ ಕೊಟ್ಟರು. ಇನ್ನೊಬ್ಬರ ಮಾತು ಕೇಳಿ ತಮ್ಮ ಕೈಯನ್ನು ತಡೆಯಬಲ್ಲ ಡಾಕ್ಟರು ದೊಡ್ಡ ಡಾಕ್ಟರು ಎಂದು ನಾನು ಅವತ್ತಿನಿಂದ ಎಲ್ಲರಿಗೂ ಹೇಳುತ್ತೇನೆ. ಒಂದು ಗಂಟೆಯೊಳಗೆ ಆಂಬುಲೆನ್ಸಿನಲ್ಲಿ ಮೈಸೂರಿನ ದಾರಿ ಹಿಡಿದೆವು.

ಏನಾಯಿತೆಂದು ಚಿಕ್ಕತಾಯಮ್ಮನ ಬಾಯಿಂದ ತಿಳಿದದ್ದು ಆಂಬುಲೆನ್ಸಿನಲ್ಲಿ. ಹೊಟ್ಟೆ ಕೊಯ್ದ ಮಗಳನ್ನು ತವರಿಗೆ ಕರೆತಂದು ಆ ತಾಯಿ ಬಾಣಂತನ ಮಾಡಿದ್ದರು. ನಡುವಿಗೆ ಸೀರೆ ಬಿಗಿದು ಕಟ್ಟಿದ್ದರು. ಬಿಸಿ ಅನ್ನಕ್ಕೆ ತುಪ್ಪ, ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಉಬ್ಬುತ್ತದೆಂದು ದಿನಕ್ಕೆ ಎರಡೇ ಲೋಟ. ಪೌಡರು, ಮಾತ್ರೆ ಎಲ್ಲ ಉಷ್ಣ ಎಂದು ಎತ್ತಿಟ್ಟಿದ್ದರು. ಬಾಳೆಹಣ್ಣಿನಷ್ಟು ಜಠರಕ್ಕೆ ಅನ್ನದ ತುತ್ತು ಹೋಗಿ ವಾಂತಿಯಾದಾಗಲೆಲ್ಲ ನಡುವಿನ ಬಟ್ಟೆಯನ್ನು ಇನ್ನಷ್ಟು ಬಿಗಿದಿದ್ದರು. ಮಗಳು ತೆಳ್ಳಗಾಗುತ್ತಿದ್ದಂತೆ ಮನೆಯವರೆಲ್ಲ ಆಪರೇಷನ್ ಫಲಿಸಿತೆಂದು ಸಂತೋಷಪಟ್ಟಿದ್ದರು. ನನ್ನ ಬಾಯಿ ತುದಿಗೆ ಬೈಗುಳ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಅಷ್ಟರಲ್ಲಿ ಅವರು ಮಗಳ ಪಾದ ಒತ್ತುತ್ತಾ, ನನ್ನ ಕಡೆ ನೋಡದೆ ಹೇಳಿದರು: “ಮದ್ವೆಯಾಗಿ ಒಂಬತ್ ವರ್ಸ ಕಣವ್ವ. ಒಂದ್ ಮಗೀಗೂ ಬಸರಾಗ್ನಿಲ್ಲ. ಬಾಣಂತನ ಮಾಡ್ಬೇಕು ಅಂತ ನಂಗೂ ಆಸೆ ಇರಕಿಲ್ವ?”

ಆ ಬೈಗುಳ ಸಲ್ಲಬೇಕಾದದ್ದು ನನಗೆ. ನಲವತ್ತೆರಡು ಪ್ರಶ್ನೆ ಕೇಳಿದ್ದ ನಾನು, ಆಪರೇಷನ್ ಆದ ಮೇಲೆ ಯಾರ ಮನೆಯಲ್ಲಿರುತ್ತೀಯಮ್ಮ ಎಂಬ ಒಂದು ಪ್ರಶ್ನೆ ಕೇಳಿರಲಿಲ್ಲ. ನಾನೂ ಇದೇ ಸೀಮೆಯವಳು. ನನ್ನ ಎರಡು ಹೆರಿಗೆಯೂ ತವರಲ್ಲೇ ಆದದ್ದು. ಗೊತ್ತಿಲ್ಲ ಎನ್ನುವ ನೆಪವೂ ನನಗಿರಲಿಲ್ಲ.

ಎರಡನೆಯ ದಿನ ಮಂಜುಳಾಳ ಕಣ್ಣು ನೆಟ್ಟಗಾಯಿತು. ನಾಲ್ಕನೆಯ ದಿನ ಗೋಡೆ ಹಿಡಿದು ನಡೆದಳು, ತನ್ನ ಆಪರೇಷನ್ ಆದ ವಾರ ಯಾವುದೆಂದು ಸರಿಯಾಗಿ ಹೇಳಿದಳು. ನಾನು ನರ್ಸಿಂಗ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಡಿಸ್ಚಾರ್ಜ್ ಆದ ಮೇಲೆ ಎಲ್ಲಿಗೆ ಎಂಬ ಜಗಳ ಶುರುವಾಯಿತು. ಆ ಹೆಂಗಸಿನ ಕೈಗೆ ಮತ್ತೆ ಕೊಡುವುದಿಲ್ಲ ಎಂದು ನಾಗೇಂದ್ರ ಕಾರಿಡಾರಿನಲ್ಲಿ ಚಿಕ್ಕತಾಯಮ್ಮನ ಎದುರಿಗೇ ಹೇಳಿಬಿಟ್ಟ. ಸರ್ಜನ್ ಕೂಡ ಅವನ ಪರ. ಚಿಕ್ಕತಾಯಮ್ಮ ಸೆರಗು ಬಾಯಿಗೊತ್ತಿಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದರು. ಹಗಲು ತಾಂಡವಪುರದ ಮನೆಯಲ್ಲಿ ಇರುವವರು ಯಾರು? ನಾಗೇಂದ್ರ ಡ್ಯೂಟಿಗೆ ಹೋಗುತ್ತಾನೆ, ಅವನ ತಾಯಿಗೆ ದನಕರು, ಹೊಲ. ಕಾಲು ಗಂಟೆಗೊಮ್ಮೆ ಪಕ್ಕದಲ್ಲಿ ಕೂರಬಲ್ಲವರು ಒಬ್ಬರೇ ಇದ್ದರು, ಬೆಂಚಿನ ತುದಿಯಲ್ಲಿ. ಅವರ ಜೊತೆಗೇ ಕಳಿಸಿ, ಹೆಚ್ಚುಕಮ್ಮಿಯಾದರೆ ಕೋಆರ್ಡಿನೇಟರ್ ಹುದ್ದೆ ಬಿಡುತ್ತೇನೆ ಎಂದೆ. ಸರ್ಜನ್ ನನ್ನ ಮುಖ ನೋಡಿ ಆಗಲಿ ಎಂದರು, ನಾಗೇಂದ್ರನೂ ಒಪ್ಪಿದ.

ಮೂರು ದಿನ ಚಿಕ್ಕತಾಯಮ್ಮನಿಗೆ ವಾರ್ಡಿನಲ್ಲಿ ಪಾಠ. ಓದು ಬರಹ ಬಾರದವರು. ಮಿಲಿ, ಗ್ರಾಮ್ ಎಂದರೆ ಹೂಂ ಎನ್ನುತ್ತಾರೆ, ಅದೇ ಫೋನಿನ ಹೂಂ. ಮೊದಲ ದಿನ ಪೂರ್ತಿ ವ್ಯರ್ಥವಾಯಿತು. ಎರಡನೆಯ ದಿನ ಸಾಕಾಗಿ ಅವರ ಪಕ್ಕದಲ್ಲಿ ಕೂತು ಹೇಳಿದೆ: “ಅವ್ವ, ಅವಳು ಬಾಣಂತಿ ಅಲ್ಲ. ಅವಳ ಹೊಟ್ಟೆ ಈಗ ಎಳೇ ಕೂಸಿನ ಹೊಟ್ಟೆ. ಅವಳನ್ನ ಕೂಸು ಅಂತ ನೋಡ್ಕೊಳ್ಳಿ.”

ಅವರು ನನ್ನ ಕಡೆ ತಿರುಗಿ ಕೂತರು. ಆಮೇಲೆ ಪ್ರಶ್ನೆಗಳು ಬರತೊಡಗಿದವು. ಹಾಗಾದರೆ ಖಾರ ಬೇಡ ಅಲ್ಲವೇ? ಕುಡಿಸಿದ ಮೇಲೆ ಮಲಗಿಸದೆ ನೆಟ್ಟಗೆ ಕೂರಿಸಬೇಕು ಅಲ್ಲವೇ? ಕಕ್ಕಿದರೆ ತುರುಕಬಾರದು, ಬಿಟ್ಟು ಬಿಟ್ಟು ಕೊಡಬೇಕು ಅಲ್ಲವೇ? ನಮ್ಮ ಡಯಟೀಷಿಯನ್ ಮೂರು ಪುಟದಲ್ಲಿ ಬರೆದದ್ದನ್ನೆಲ್ಲ ಆಯಮ್ಮ ತಾವೇ ಒಂದೊಂದಾಗಿ ಹೇಳಿದರು. ಮರುದಿನ ಊರಿನಿಂದ ಮಗನ ಕೈಲಿ ಒಂದು ಒಳಲೆ ತರಿಸಿದರು. ಕೂಸುಗಳಿಗೆ ಹಾಲು ಕುಡಿಸುವ, ಮೂತಿ ಚೂಪಾದ ಸಣ್ಣ ಬಟ್ಟಲು ಅದು. ಮಂಜುಳಾ ಕೂಸಾಗಿದ್ದಾಗಿನದು. ನಾನು ಸಿರಿಂಜಿನಲ್ಲಿ ನೀರು ತುಂಬಿ ಅಳೆದೆ, ಮೂವತ್ತೆರಡು ಮಿಲಿ. ಅಳತೆಗೆಂದು ಕೊಟ್ಟಿದ್ದ ಆಸ್ಪತ್ರೆಯ ಪ್ಲಾಸ್ಟಿಕ್ ಕಪ್ಪನ್ನು ನಾನೇ ಬುಟ್ಟಿಗೆ ಹಾಕಿದೆ.

ಆಮೇಲಿನ ಒಂದು ತಿಂಗಳು ಪ್ರತಿದಿನ ಸಂಜೆ ಫೋನ್ ಮಾಡಿ ಎಷ್ಟು ಒಳಲೆ ಎಂದು ಕೇಳುತ್ತಿದ್ದೆ. ಅವರು ಹುರುಳಿಕಾಳು ಎತ್ತಿಟ್ಟು ಲೆಕ್ಕ ಹಿಡಿಯುತ್ತಿದ್ದರು. ಐವತ್ತಕ್ಕೆ ಒಂದು ದಿನವೂ ಕಡಿಮೆಯಾಗಲಿಲ್ಲ, ಮಾತ್ರೆ ಒಂದೂ ತಪ್ಪಲಿಲ್ಲ, ವಾಂತಿ ನಿಂತಿತು. ಮೂರು ತಿಂಗಳ, ಆರು ತಿಂಗಳ ತಪಾಸಣೆಗೆ ಮಗಳ ಜೊತೆ ಅವರೂ ಬಂದರು. ವರ್ಷ ತುಂಬಿದಾಗ ಮಂಜುಳಾಳ ತೂಕ ಎಪ್ಪತ್ತೊಂದು. ಸಕ್ಕರೆ ಮಾತ್ರೆ ನಿಂತಿತ್ತು, ಮಾಸ್ಕ್ ಬೇಕಿರಲಿಲ್ಲ, ಪ್ಯಾಕಿಂಗ್ ಕೆಲಸಕ್ಕೆ ವಾಪಸಾಗಿದ್ದಳು. ಮಗು ಆಯಿತೇ ಎಂದು ಈ ಕಥೆ ಕೇಳಿದವರೆಲ್ಲ ಕೇಳುತ್ತಾರೆ. ಅದು ಅವರ ಮನೆಯ ವಿಷಯ. ನಾನು ಉಳಿಸಲು ಹೋದದ್ದು ಮಂಜುಳಾಳನ್ನು, ಅವಳು ಉಳಿದಳು.

ನನ್ನ ಫೈಲಿಗೆ ಅವತ್ತಿನಿಂದ ನಲವತ್ತಮೂರನೆಯ ಪ್ರಶ್ನೆ ಸೇರಿತು. ಸೇರಿತು ಎಂದೆ, ಹಾಗಲ್ಲ, ಅದನ್ನು ಮೊದಲನೆಯದಾಗಿ ಬರೆದೆ: ಆಪರೇಷನ್ ಆದ ಮೇಲೆ ನಿಮ್ಮನ್ನು ನೋಡಿಕೊಳ್ಳುವವರು ಯಾರು, ಅವರನ್ನು ಕರೆದುಕೊಂಡು ಬನ್ನಿ. ನಾನು ನಿವೃತ್ತಳಾದ ಮೇಲೂ ಆ ಆಸ್ಪತ್ರೆಯಲ್ಲಿ ಮೊದಲು ಕೇಳುವುದು ಅದನ್ನೇ. ಎಕೋ, ಎಂಡೋಸ್ಕೋಪಿ ಎಲ್ಲ ರೋಗಿಯ ಒಳಗನ್ನು ತೋರಿಸುತ್ತವೆ. ರೋಗಿ ವಾಪಸು ಹೋಗುವ ಮನೆಯನ್ನು ಕಾಣಬೇಕಾದರೆ ಬಾಯಿ ಬಿಟ್ಟು ಕೇಳಬೇಕು ಎಂಬುದನ್ನು ಈ ಕೆಲಸ ನನಗೆ ಕಲಿಸಿತು.

ವರ್ಷ ತುಂಬಿದ ಆ ತಪಾಸಣೆಯ ದಿನವೇ ಚಿಕ್ಕತಾಯಮ್ಮನ ಹತ್ತಿರ ಹೇಳಬೇಕಾದ್ದನ್ನು ಹೇಳಿದೆ. ತಪ್ಪು ನಿಮ್ಮದಲ್ಲ, ಮೊದಲೇ ನಿಮ್ಮನ್ನು ಕರೆಸಿ ಹೇಳದೆ ಹೋದದ್ದು ನನ್ನದು ಎಂದೆ. ಅವರು ಮಗಳು ತೂಕದ ಮೆಷಿನ್ನಿನಿಂದ ಇಳಿಯುವುದನ್ನೇ ನೋಡುತ್ತಿದ್ದರು.

“ನೀವ್ ಕೇಳ್ನಿಲ್ಲ, ನಾನ್ ಏಳ್ನಿಲ್ಲ, ಬುಡಿ ಅತ್ಲಾಗೆ,” ಎಂದರು. “ಎಲ್ರೂ ಮಗಳ್ನ ಒಂದ್ ಸತಿ ಸಾಕ್ತಾರೆ. ನಾನು ಎರಡ್ ಸತಿ ಸಾಕಿವ್ನಿ ಕಣವ್ವ.”